ಡಿಸ್ಕ್ ಕೈಕೊಟ್ಟಾಗ: ಮೊದಲು ಮಾಹಿತಿ, ಆಮೇಲೆ ಲ್ಯಾಪ್‌ಟಾಪ್

ಕೇಳುಗರಿಗೆ ನಮಸ್ಕಾರ.

ಲ್ಯಾಪ್‌ಟಾಪ್ ಚಾಲೂ ಆಗವಲ್ದು ಅಂತ ರಿಪೇರಿ ಅಂಗಡಿಗೆ ಒಯ್ದರೆ, ಕೌಂಟರಿನ ಆಚೆಯಿಂದ ಬಹಳ ಸಲ ಬರುವ ಮೊದಲ ಮಾತು ಇದು: "ವಿಂಡೋಸ್ ಹೋಗೇತ್ರಿ ಸರ, ಫಾರ್ಮ್ಯಾಟ್ ಹೊಡದು ಸಂಜಿಕ್ಕ ಕೊಡ್ತೇವಿ." ಆ ಮಾತಿಗೆ ಹೂಂ ಅನ್ನುವ ಮುಂಚೆ ಸ್ವಲ್ಪ ನಿಲ್ಲಿ. ಲ್ಯಾಪ್‌ಟಾಪ್ ಇನ್ನೊಂದು ಸಿಗುತ್ತದೆ. ಅದರೊಳಗಿನ ಪಿಎಚ್‌ಡಿ ಪ್ರಬಂಧ, ಮದುವೆಯ ಫೋಟೋ, ಬ್ಯಾಡಗಿಯ ಮೆಣಸಿನಕಾಯಿ ವ್ಯಾಪಾರಿಯ ಟ್ಯಾಲಿ ಲೆಕ್ಕ, ಗದಗಿನ ಪ್ರೆಸ್ಸಿನಲ್ಲಿ ವರ್ಷಗಟ್ಟಲೆ ಕೂಡಿಸಿಟ್ಟ ಪುಸ್ತಕಗಳ ಪುಟಗಳು ಇನ್ನೊಮ್ಮೆ ಸಿಗುವುದಿಲ್ಲ. ಅದಕ್ಕೇ ಕೆಲಸದ ಕ್ರಮ ಬಹಳ ಮುಖ್ಯ. ಮೊದಲು ಮಾಹಿತಿ ಹೊರಗೆ ಬರಬೇಕು, ಯಂತ್ರದ ದುರಸ್ತಿ ಆಮೇಲೆ. ಈ ಕ್ರಮ ತಿರುವುಮುರುವಾದಾಗಲೇ ಜನ ತಮ್ಮ ಕೆಲಸ ಕಳೆದುಕೊಳ್ಳುತ್ತಾರೆ.

ಹಾರ್ಡ್ ಡಿಸ್ಕಿನ ಒಳಗೆ ಕನ್ನಡಿಯಂತೆ ಹೊಳೆಯುವ ತಟ್ಟೆಗಳಿರುತ್ತವೆ. ಲ್ಯಾಪ್‌ಟಾಪಿನ ಡಿಸ್ಕಿನಲ್ಲಿ ಅವು ಸಾಮಾನ್ಯವಾಗಿ ನಿಮಿಷಕ್ಕೆ 5400 ಸುತ್ತು ತಿರುಗುತ್ತವೆ. ಓದುವ ಹೆಡ್ ಆ ತಟ್ಟೆಯನ್ನು ಮುಟ್ಟುವುದಿಲ್ಲ, ಕೆಲವೇ ನ್ಯಾನೋಮೀಟರ್ ಮೇಲೆ ತೇಲುತ್ತದೆ. ತಲೆಗೂದಲಿನ ದಪ್ಪ ಇದರ ಸಾವಿರಾರು ಪಟ್ಟು. ಹೀಗಾಗಿ ಡಿಸ್ಕ್ ತಿರುಗುವಾಗ ಲ್ಯಾಪ್‌ಟಾಪ್ ಮಂಚದಿಂದ ಬಿದ್ದರೆ ಹೆಡ್ ತಟ್ಟೆಗೆ ತಾಗುತ್ತದೆ. ತಾಗಿದ ಜಾಗದಲ್ಲಿ ಲೇಪ ಕೆರೆದು ಪುಡಿ ಏಳುತ್ತದೆ, ಆ ಪುಡಿ ಮತ್ತಷ್ಟು ಕೆರೆಯುತ್ತದೆ. ಅಂಥ ಡಿಸ್ಕಿಗೆ ಕರೆಂಟು ಕೊಟ್ಟಷ್ಟೂ ಹಾನಿ ಹೆಚ್ಚುತ್ತದೆ.

ಆದ್ದರಿಂದ ಮೊದಲು ಕಿವಿಗೊಡಿ. ಆರೋಗ್ಯವಾಗಿರುವ ಡಿಸ್ಕಿಗೆ ಕರೆಂಟು ಬಂದಾಗ ಮೋಟಾರು ಸಣ್ಣಗೆ ಗುಂಯ್ಗುಟ್ಟಿ ವೇಗ ಹಿಡಿಯುತ್ತದೆ, ಹೆಡ್ ತನ್ನ ಜಾಗದಿಂದ ಇಳಿಯುವಾಗ ಒಂದು ಮೆಲು ಸದ್ದು ಕೇಳುತ್ತದೆ, ಅಷ್ಟೇ. ಟಕ್, ಟಕ್, ಟಕ್ ಎಂದು ಒಂದೇ ಅಂತರದಲ್ಲಿ ಬಡಿದು ಕೊನೆಗೆ ಮೋಟಾರು ನಿಂತರೆ, ಹೆಡ್ ತನ್ನ ದಾರಿ ಕಾಣದೆ ಮತ್ತೆ ಮತ್ತೆ ಹಿಂದಕ್ಕೆ ಹೋಗುತ್ತಿದೆ ಎಂದು ತಿಳಿಯಿರಿ. ಕೀಂ ಕೀಂ ಎಂಬ ಸಣ್ಣ ಬೀಪು ಬಂದು ತಟ್ಟೆ ತಿರುಗದಿದ್ದರೆ ಹೆಡ್ ತಟ್ಟೆಗೆ ಅಂಟಿರಬಹುದು, ಇಲ್ಲವೆ ಮೋಟಾರಿನ ಬೇರಿಂಗ್ ಬಿಗಿದಿರಬಹುದು. ಈ ಎರಡು ಸದ್ದು ಕೇಳಿದರೆ ಆಗಲೇ ಬಂದ್ ಮಾಡಿ. ಮನೆಯಲ್ಲಾಗಲಿ ಸಾಮಾನ್ಯ ಅಂಗಡಿಯಲ್ಲಾಗಲಿ ಇದಕ್ಕೆ ಔಷಧವಿಲ್ಲ. ಸದ್ದೇ ಇಲ್ಲ, ಆದರೆ ಡಿಸ್ಕಿಗೆ ಅಂಟಿಕೊಂಡಿರುವ ಹಸಿರು ಸರ್ಕ್ಯೂಟ್ ಬೋರ್ಡು ಬಿಸಿಯಾಗುತ್ತಿದೆ ಅಂದರೆ ತೊಂದರೆ ಹೆಚ್ಚಾಗಿ ಬೋರ್ಡಿನದು. ವೋಲ್ಟೇಜ್ ಏರಿದಾಗ ಡಿಸ್ಕನ್ನು ಕಾಯುವ ಡಯೋಡ್ ಒಂದು ಶಾರ್ಟ್ ಆಗಿ ಹೀಗಾಗುವುದುಂಟು. ಅಂಥದೇ ಇನ್ನೊಂದು ಬೋರ್ಡು ತಂದು ಕೂಡಿಸಿದರೆ ಆಯಿತು ಎನ್ನುವವರಿದ್ದಾರೆ. ಈಗಿನ ಡಿಸ್ಕುಗಳಲ್ಲಿ ಅದು ನಡೆಯುವುದಿಲ್ಲ. ಪ್ರತಿ ಡಿಸ್ಕಿನ ಹೆಡ್ಡಿಗೆ ಹೊಂದಿಸಿದ ಅಳತೆಗಳು ಆ ಬೋರ್ಡಿನ ಆರ್‌ಒಎಂ ಎಂಬ, ಕರೆಂಟು ಹೋದರೂ ಮರೆಯದ ಚಿಪ್ಪಿನಲ್ಲಿರುತ್ತವೆ. ಎಂಟು ಕಾಲಿನ ಆ ಚಿಪ್ಪನ್ನು ಹಳೆಯ ಬೋರ್ಡಿನಿಂದ ಬಿಡಿಸಿ ಹೊಸದಕ್ಕೆ ಬೆಸುಗೆ ಹಾಕಬೇಕಾಗುತ್ತದೆ.

ಡಿಸ್ಕನ್ನು ಫ್ರೀಜರಿನಲ್ಲಿ ಇಡುವ ಉಪಾಯ ಇನ್ನೂ ಬಾಯಿಂದ ಬಾಯಿಗೆ ಓಡಾಡುತ್ತಿದೆ. ದಯವಿಟ್ಟು ಮಾಡಬೇಡಿ. ಹೊರಗೆ ತೆಗೆದ ಕೂಡಲೇ ತಟ್ಟೆಯ ಮೇಲೆ ತೇವ ಕೂಡುತ್ತದೆ, ಮಳೆಗಾಲದ ಧಾರವಾಡದಲ್ಲಂತೂ ಕೇಳುವುದೇ ಬೇಡ. ಮೇಲಿನ ಮುಚ್ಚಳ ತೆರೆದು ನೋಡುವುದೂ ಬೇಡ. ಹೆಡ್ ತೇಲುವ ಎತ್ತರದ ಮುಂದೆ ನಮ್ಮ ಕಣ್ಣಿಗೆ ಕಾಣದ ಧೂಳಿನ ಕಣವೂ ಬಂಡೆಗಲ್ಲೇ.

ಸದ್ದು ಸರಿಯಿದ್ದು ವಿಂಡೋಸ್ ಮಾತ್ರ ಏಳದಿದ್ದರೆ ನಿಮ್ಮ ಕೈಯಲ್ಲಿ ಮಾಡಬಹುದಾದದ್ದು ಬಹಳವಿದೆ. ಆನ್ ಮಾಡುತ್ತಲೇ ಎಫ್2, ಎಫ್10 ಅಥವಾ ಎಸ್ಕೇಪ್ ಕೀ ಒತ್ತಿ ಬಯಾಸ್ ಒಳಗೆ, ಅಂದರೆ ವಿಂಡೋಸ್ ಏಳುವ ಮುಂಚಿನ ಸೆಟ್ಟಿಂಗಿನ ಪರದೆಗೆ ಹೋಗಿ. ಅಲ್ಲಿ ಡಿಸ್ಕಿನ ಹೆಸರು ಮತ್ತು ಅಳತೆ ಸರಿಯಾಗಿ ಕಾಣಬೇಕು. ನಿಮ್ಮದು ಎಸ್‌ಎಸ್‌ಡಿ, ಅಂದರೆ ತಿರುಗುವ ತಟ್ಟೆಯಿಲ್ಲದೆ ಚಿಪ್ಪಿನಲ್ಲೇ ಮಾಹಿತಿ ಇಡುವ ಡಿಸ್ಕ್ ಆಗಿದ್ದು, ತನ್ನ ಹೆಸರಿನ ಬದಲು 'ಸ್ಯಾಟಾಫರ್ಮ್ ಎಸ್11' ಎಂದು ತೋರಿಸಿದರೆ ಅದರ ಕಂಟ್ರೋಲರ್ ಒಳಗಿನ ತಂತ್ರಾಂಶ ಕೆಟ್ಟಿದೆ. ಅದು ಕೆಟ್ಟ ಡಿಸ್ಕಿನಿಂದ ಮಾಹಿತಿ ತೆಗೆಯುವ ಲ್ಯಾಬಿನ ಕೆಲಸ.

ಹೆಸರು, ಅಳತೆ ಎರಡೂ ಸರಿಯಿದ್ದರೆ ಮುಂದೆ ಹೋಗೋಣ. ಆದರೆ ಎರಡು ಬಾಗಿಲು ಮುಚ್ಚಿಯೇ ಹೋಗಬೇಕು. ವಿಂಡೋಸ್ 'ಈ ಡಿಸ್ಕನ್ನು ಫಾರ್ಮ್ಯಾಟ್ ಮಾಡಬೇಕು' ಎಂದು ಕೇಳಿದರೆ ಒಪ್ಪಬೇಡಿ. ಚೆಕ್‌ಡಿಸ್ಕ್ ಎಂಬ ವಿಂಡೋಸಿನದೇ ಡಿಸ್ಕ್ ತಪಾಸಣೆಯ ಸಾಧನವನ್ನೂ ಓಡಿಸಬೇಡಿ. ಅನೇಕ ಮೆಕ್ಯಾನಿಕ್ಕುಗಳು ಒಳ್ಳೆಯ ಮನಸ್ಸಿನಿಂದಲೇ ಅದನ್ನು ಓಡಿಸುತ್ತಾರೆ. ಆದರೆ ಚೆಕ್‌ಡಿಸ್ಕಿನ ಕೆಲಸ ಫೈಲ್ ವ್ಯವಸ್ಥೆಯ ಲೆಕ್ಕ ಸರಿಮಾಡುವುದು, ನಿಮ್ಮ ಫೈಲು ಉಳಿಸುವುದಲ್ಲ. ಓದಲು ಬಾರದ ನಮೂದುಗಳನ್ನು ಅದು ಕತ್ತರಿಸಿ ಹಾಕುತ್ತದೆ, ಸಾಯುತ್ತಿರುವ ಡಿಸ್ಕಿನ ಮೇಲೆಯೇ ಬರೆಯುತ್ತದೆ, ಮತ್ತು ಕೆಟ್ಟ ಸೆಕ್ಟರುಗಳ, ಅಂದರೆ ತಟ್ಟೆಯ ಮೇಲಿನ ಓದಲು ಬಾರದ ಪುಟ್ಟ ತುಣುಕುಗಳ ಮೇಲೆ ಹೆಡ್ಡನ್ನು ತಾಸುಗಟ್ಟಲೆ ತಿಕ್ಕುತ್ತದೆ.

ಮಾಡಬೇಕಾದದ್ದು ಒಂದೇ: ಇಡೀ ಡಿಸ್ಕಿನ ಪ್ರತಿಯನ್ನು ಸೆಕ್ಟರ್ ಸೆಕ್ಟರಾಗಿ ಇನ್ನೊಂದು ಡಿಸ್ಕಿಗೆ ಇಳಿಸಿಕೊಳ್ಳುವುದು. ಇದಕ್ಕೆ ಇಮೇಜ್ ತೆಗೆಯುವುದು ಅನ್ನುತ್ತಾರೆ. ಬೇಕಾಗುವ ಸಾಮಾನು ಹೆಚ್ಚಿಲ್ಲ. 8 ಜಿಬಿಯ ಒಂದು ಪೆನ್‌ಡ್ರೈವ್, ಮತ್ತು ಕೆಟ್ಟ ಡಿಸ್ಕಿಗಿಂತ ದೊಡ್ಡದಾದ ಒಂದು ಹೊರ ಹಾರ್ಡ್ ಡಿಸ್ಕ್. 1 ಟಿಬಿ ಡಿಸ್ಕಿನ ಇಮೇಜ್ ಇನ್ನೊಂದು 1 ಟಿಬಿ ಡಿಸ್ಕಿನಲ್ಲಿ ಫೈಲಾಗಿ ಹಿಡಿಸಲಿಕ್ಕಿಲ್ಲ, 2 ಟಿಬಿ ತೆಗೆದುಕೊಳ್ಳಿ. ಅದರ ಫಾರ್ಮ್ಯಾಟ್ ಎಕ್ಸ್‌ಫ್ಯಾಟ್ ಅಥವಾ ಎನ್‌ಟಿಎಫ್‌ಎಸ್ ಆಗಿರಲಿ, ಏಕೆಂದರೆ ಫ್ಯಾಟ್32ರಲ್ಲಿ ಒಂದು ಫೈಲು 4 ಜಿಬಿ ದಾಟುವುದಿಲ್ಲ. ಬೇರೊಂದು ಕಂಪ್ಯೂಟರಿನಲ್ಲಿ ರೂಫಸ್ ತಂತ್ರಾಂಶದಿಂದ ಆ ಪೆನ್‌ಡ್ರೈವಿಗೆ 'ಸಿಸ್ಟಮ್‌ರೆಸ್ಕ್ಯೂ' ಎಂಬ ಉಚಿತ ಲಿನಕ್ಸನ್ನು, ಅಂದರೆ ವಿಂಡೋಸಿನ ಬದಲು ಲ್ಯಾಪ್‌ಟಾಪ್ ಏಳಿಸುವ ವ್ಯವಸ್ಥೆಯನ್ನು ಹಾಕಿ. ಕೆಟ್ಟ ಡಿಸ್ಕನ್ನು ಲ್ಯಾಪ್‌ಟಾಪಿನಿಂದ ಹೊರಗೆ ತೆಗೆಯದೆ, ಅದೇ ಲ್ಯಾಪ್‌ಟಾಪನ್ನು ಪೆನ್‌ಡ್ರೈವಿನಿಂದ ಏಳಿಸುವುದು ಒಳ್ಳೆಯದು. ಅಗ್ಗದ ಯುಎಸ್‌ಬಿ ಅಡಾಪ್ಟರುಗಳು ಕೆಟ್ಟ ಸೆಕ್ಟರ್ ಬಂದಾಗ ಸಂಪರ್ಕವನ್ನೇ ಕಡಿದುಕೊಳ್ಳುತ್ತವೆ, ಲ್ಯಾಪ್‌ಟಾಪಿನ ಒಳಗೆ ಡಿಸ್ಕ್ ಕೂಡುವ ನೇರ ಸ್ಯಾಟಾ ಕನೆಕ್ಷನ್ನಿನಲ್ಲಿ ಆ ಕಾಟ ಕಡಿಮೆ.

ಪೆನ್ನು ಹಿಡಿದುಕೊಂಡಿದ್ದರೆ ಮುಂದಿನದನ್ನು ಬರೆದುಕೊಳ್ಳಿ. ಲಿನಕ್ಸ್ ಎದ್ದ ಮೇಲೆ 'ಎಲ್‌ಎಸ್‌ಬಿಎಲ್‌ಕೆ' ಎಂದು ಟೈಪ್ ಮಾಡಿದರೆ ಡಿಸ್ಕುಗಳ ಪಟ್ಟಿ ಬರುತ್ತದೆ. ಯಾವುದು ಎಸ್‌ಡಿಎ, ಯಾವುದು ಎಸ್‌ಡಿಬಿ ಎಂಬುದನ್ನು ಅಳತೆ ನೋಡಿ ಖಚಿತ ಮಾಡಿಕೊಳ್ಳಿ. ಎರಡೆರಡು ಸಲ ನೋಡಿ. ಮೂಲ ಮತ್ತು ಗುರಿ ಅದಲುಬದಲಾದರೆ ಉಳಿದದ್ದೂ ಅಳಿಸಿಹೋಗುತ್ತದೆ. ಹೊರ ಡಿಸ್ಕನ್ನು ಮಾತ್ರ ಮೌಂಟ್ ಮಾಡಿ, ಅಂದರೆ ಫೈಲು ಬರೆಯಲು ತೆರೆಯಿರಿ. ಆಮೇಲೆ 'ಡಿಡಿರೆಸ್ಕ್ಯೂ' ಎಂಬ ಆಜ್ಞೆ. ಮೊದಲ ಸುತ್ತಿಗೆ ಅದರ ಮುಂದೆ ಡ್ಯಾಶ್ ಡಿ, ಡ್ಯಾಶ್ ಎನ್. ನಂತರ ಮೂಲ ಡಿಸ್ಕಿನ ಹೆಸರು, ಇಮೇಜ್ ಫೈಲಿನ ಹೆಸರು, ಕೊನೆಗೆ ಮ್ಯಾಪ್ ಫೈಲಿನ ಹೆಸರು. ಈ ಸುತ್ತಿನಲ್ಲಿ ಅದು ಸುಲಭವಾಗಿ ಓದಲು ಬರುವ ಭಾಗವನ್ನೆಲ್ಲ ಬಾಚಿಕೊಳ್ಳುತ್ತದೆ, ಕಷ್ಟದ ಜಾಗವನ್ನು ಜಿಗಿದು ಮುಂದೆ ಹೋಗುತ್ತದೆ. ಅದು ಮುಗಿದ ಮೇಲೆ ಅದೇ ಆಜ್ಞೆ, ಅವೇ ಫೈಲುಗಳು, ಆದರೆ ಡ್ಯಾಶ್ ಎನ್ ಬದಲು ಡ್ಯಾಶ್ ಆರ್ 3. ಆಗ ಉಳಿದ ಜಾಗಗಳನ್ನು ಮೂರು ಸಲ ಕೆದಕಿ ನೋಡುತ್ತದೆ. ಸಾಮಾನ್ಯ ಕಾಪಿ-ಪೇಸ್ಟ್ ಮೊದಲ ಕೆಟ್ಟ ಫೈಲಿನಲ್ಲೇ ಸಿಕ್ಕಿಕೊಂಡು ಡಿಸ್ಕಿನ ಉಳಿದ ಆಯುಷ್ಯವನ್ನು ಅಲ್ಲೇ ಸವೆಸುತ್ತದೆ. ಡಿಡಿರೆಸ್ಕ್ಯೂ ಬೆಲೆ ಇರುವುದೇ ಈ ಜಾಣತನದಲ್ಲಿ.

ಆ ಮ್ಯಾಪ್ ಫೈಲನ್ನು ಮರೆಯಬೇಡಿ. ಎಲ್ಲಿಯವರೆಗೆ ಓದಿ ಆಯಿತು ಎಂಬ ಲೆಕ್ಕ ಅದರಲ್ಲಿರುತ್ತದೆ. ನಡುವೆ ಕರೆಂಟು ಹೋದರೂ ಮತ್ತೆ ಅದೇ ಆಜ್ಞೆ ಕೊಟ್ಟರೆ ನಿಂತಲ್ಲಿಂದ ಮುಂದುವರಿಯುತ್ತದೆ. ಇದು ಬೇಕೇ ಬೇಕು, ಯಾಕೆಂದರೆ ಕೆಲಸ ದೀರ್ಘವಾದದ್ದು. ಸೆಕೆಂಡಿಗೆ 100 ಎಂಬಿ ವೇಗ ಸಿಕ್ಕರೆ 1 ಟಿಬಿ ಮೂರು ತಾಸಿನೊಳಗೆ ಮುಗಿಯುತ್ತದೆ. ಜಡ್ಡು ಹಿಡಿದ ಡಿಸ್ಕ್ 5 ಎಂಬಿಗೆ ಇಳಿದರೆ ಅದೇ ಕೆಲಸಕ್ಕೆ 55 ತಾಸು. ಲ್ಯಾಪ್‌ಟಾಪನ್ನು ಗಟ್ಟಿ ಮೇಜಿನ ಮೇಲೆ ಇಡಿ, ಬೇಸಿಗೆಯಾದರೆ ಫ್ಯಾನಿನ ಗಾಳಿ ತಾಗುವಂತಿರಲಿ. ನಡುವೆ ಟಕ್ ಟಕ್ ಸದ್ದು ಶುರುವಾದರೆ ಕಂಟ್ರೋಲ್ ಸಿ ಒತ್ತಿ ನಿಲ್ಲಿಸಿ.

ಇಮೇಜ್ ಕೈಗೆ ಬಂತೆಂದರೆ ಹಳೆಯ ಡಿಸ್ಕನ್ನು ಬಿಚ್ಚಿ ಬದಿಗಿಡಿ. ಇನ್ನು ಎಲ್ಲ ಪ್ರಯೋಗವೂ ಇಮೇಜಿನ ಮೇಲೆ. ಟೆಸ್ಟ್‌ಡಿಸ್ಕ್ ಎಂಬ ಉಚಿತ ತಂತ್ರಾಂಶ ಕಳೆದ ಪಾರ್ಟಿಷನ್, ಅಂದರೆ ಸಿ, ಡಿ ಎಂದು ಕಾಣುವ ಡಿಸ್ಕಿನ ಭಾಗವನ್ನು ಹುಡುಕಿ ಫೈಲುಗಳ ಪಟ್ಟಿ ತೋರಿಸುತ್ತದೆ, ಬೇಕಾದ್ದನ್ನು ನಕಲು ಮಾಡಿ ಕೊಡುತ್ತದೆ. ಅದರ ಜೊತೆಗೇ ಬರುವ ಫೋಟೋರೆಕ್ ಕೊನೆಯ ಉಪಾಯ. ಅದು ಫೈಲಿನ ಆರಂಭದ ಗುರುತು ಹಿಡಿದು ಎತ್ತುವುದರಿಂದ ಫೈಲಿನ ಹೆಸರೂ ಫೋಲ್ಡರೂ ಉಳಿಯುವುದಿಲ್ಲ. ಫೋಟೋಗಳಿಗೆ ಅದು ನಡೆಯುತ್ತದೆ, ಟ್ಯಾಲಿಗೆ ನಡೆಯುವುದಿಲ್ಲ. ಟ್ಯಾಲಿಯ ಒಂದೊಂದು ಕಂಪನಿಯ ಲೆಕ್ಕ ಸಂಖ್ಯೆಯ ಹೆಸರುಳ್ಳ ಒಂದೊಂದು ಫೋಲ್ಡರಿನಲ್ಲಿ, ಹಲವು ಫೈಲುಗಳಾಗಿ ಹಂಚಿಹೋಗಿರುತ್ತದೆ. ಡೇಟಾ ಎಂಬ ಫೋಲ್ಡರನ್ನು ಇಡಿಯಾಗಿ, ಹೆಸರು ಕೆಡದಂತೆ ಎತ್ತಿದರೆ ಮಾತ್ರ ಹೊಸ ಯಂತ್ರದಲ್ಲಿ ಕಂಪನಿ ತೆರೆಯುತ್ತದೆ.

ಬಿಟ್‌ಲಾಕರ್ ಎಂಬ ವಿಂಡೋಸಿನ ಗುಪ್ತಲಿಪಿ ವ್ಯವಸ್ಥೆ ಡಿಸ್ಕಿಗೆ ಬೀಗ ಹಾಕಿದ್ದರೆ ಇಮೇಜೂ ಬೀಗ ಹಾಕಿಯೇ ಬರುತ್ತದೆ. ವಿಂಡೋಸ್ 11 ಇರುವ ಎಷ್ಟೋ ಲ್ಯಾಪ್‌ಟಾಪುಗಳಲ್ಲಿ ಮೈಕ್ರೋಸಾಫ್ಟ್ ಖಾತೆಯಿಂದ ಲಾಗಿನ್ ಆದೊಡನೆ ಈ ಬೀಗ ತಾನಾಗಿ ಬೀಳುತ್ತದೆ, ಬಳಸುವವರಿಗೆ ಗೊತ್ತೇ ಇರುವುದಿಲ್ಲ. 48 ಅಂಕಿಯ ರಿಕವರಿ ಕೀ ಆ ಖಾತೆಯಲ್ಲಿ ಇರುತ್ತದೆ. ಲ್ಯಾಪ್‌ಟಾಪ್ ಚೆನ್ನಾಗಿರುವಾಗಲೇ, ಅಂದರೆ ಇವತ್ತೇ, ಅದನ್ನು ನೋಡಿ ಕಾಗದದ ಮೇಲೆ ಬರೆದಿಡಿ. ಆ ಕೀ ಇಲ್ಲದಿದ್ದರೆ ಯಾವ ಲ್ಯಾಬೂ ಏನೂ ಮಾಡಲಾರದು. ಎಸ್‌ಎಸ್‌ಡಿಯಲ್ಲಿ ಕೈತಪ್ಪಿ ಅಳಿಸಿದ ಫೈಲಿನ ಕಥೆಯೂ ಹೆಚ್ಚುಕಡಿಮೆ ಹೀಗೇ. ಟ್ರಿಮ್ ಎಂಬ ವ್ಯವಸ್ಥೆ ಅಳಿಸಿದ ಜಾಗವನ್ನು ಬೇಗನೇ ನಿಜವಾಗಿಯೂ ಖಾಲಿ ಮಾಡುತ್ತದೆ.

ಲ್ಯಾಬಿಗೆ ಕಳಿಸುವುದೇ ಆದರೆ ನಮ್ಮ ಕಡೆಯವರಿಗೆ ಬೆಂಗಳೂರು, ಪುಣೆ ಹತ್ತಿರ. ತಪಾಸಣೆಗೆ ಎಷ್ಟು, ಮಾಹಿತಿ ಸಿಗದಿದ್ದರೆ ಹಣ ಕೊಡಬೇಕೋ ಬೇಡವೋ, ಹೆಡ್ ಬದಲಿಸಲು ತರುವ ಅಂಥದೇ ಇನ್ನೊಂದು ಡಿಸ್ಕಿನ ಬೆಲೆ ಬಿಲ್ಲಿನಲ್ಲಿ ಸೇರಿದೆಯೋ, ಹಣ ಕೊಡುವ ಮುಂಚೆ ಫೈಲುಗಳ ಪಟ್ಟಿ ತೋರಿಸುತ್ತಾರೋ, ಇವನ್ನು ಮೊದಲೇ ಕೇಳಿ. ಖರ್ಚು ಹೊಸ ಡಿಸ್ಕಿನ ಬೆಲೆಯ ಹಲವು ಪಟ್ಟು ಆಗುತ್ತದೆ ಎಂಬ ಅಂದಾಜು ಇರಲಿ. ಡಿಸ್ಕನ್ನು ಆಂಟಿಸ್ಟ್ಯಾಟಿಕ್ ಚೀಲದಲ್ಲಿ ಹಾಕಿ, ಸುತ್ತ ಬಬಲ್ ಹಾಳೆಯ ದಪ್ಪ ಪದರ ಸುತ್ತಿ ಕಳಿಸಿ. ಈಗಾಗಲೇ ಯಾರಾದರೂ ಮುಚ್ಚಳ ತೆರೆದಿದ್ದರೆ ಅದನ್ನು ಮುಚ್ಚಿಡದೆ ಹೇಳಿಬಿಡಿ.

ಈಗ ಲ್ಯಾಪ್‌ಟಾಪಿನ ಸರದಿ. ಅಡಾಪ್ಟರ್ ತೆಗೆದು, ಕೆಳಗಿನ ಮುಚ್ಚಳ ಬಿಚ್ಚಿ, ಮೊದಲು ಬ್ಯಾಟರಿಯ ಕನೆಕ್ಟರ್ ಕಳಚಿ. ಹಳೆಯ ಯಂತ್ರವಾದರೆ 2.5 ಇಂಚಿನ ಸ್ಯಾಟಾ ಎಸ್‌ಎಸ್‌ಡಿ ಕೂಡುತ್ತದೆ. ಹಳೆಯ ಡಿಸ್ಕಿನ ಬದಿಗಿರುವ ಕಬ್ಬಿಣದ ಚೌಕಟ್ಟನ್ನು ಎಸೆಯದೆ ಹೊಸದಕ್ಕೆ ಹಾಕಿ. ಹಳೆಯದು 9.5 ಮಿ.ಮೀ. ದಪ್ಪವಿದ್ದು ಹೊಸದು 7 ಮಿ.ಮೀ. ಇದ್ದರೆ ಅಲುಗದಂತೆ ಪ್ಲಾಸ್ಟಿಕ್ ಸ್ಪೇಸರ್ ಇಡಬೇಕು. ಎಂ.2 ಎಂಬ, ಪಟ್ಟಿಯಂಥ ಎಸ್‌ಎಸ್‌ಡಿ ಕೂಡುವ ಜಾಗವಿದ್ದರೆ ಅದು ಸ್ಯಾಟಾದ್ದೋ, ಅದಕ್ಕಿಂತ ವೇಗದ ಎನ್‌ವಿಎಂಇಯದ್ದೋ ಎಂದು ಕೇಳಿಯೇ ಕೊಳ್ಳಿ. ನೋಡಲು ಎರಡೂ ಹೆಚ್ಚುಕಡಿಮೆ ಒಂದೇ ಥರ ಇರುತ್ತವೆ.

ವಿಂಡೋಸ್ ಹಾಕುವಾಗ ಮಾಹಿತಿ ಇಳಿಸಿಕೊಂಡ ಹೊರ ಡಿಸ್ಕನ್ನು ಕಡ್ಡಾಯವಾಗಿ ಕಳಚಿಡಿ, ಆತುರದಲ್ಲಿ ಅದನ್ನೇ ಫಾರ್ಮ್ಯಾಟ್ ಮಾಡಿದವರಿದ್ದಾರೆ. ಲೈಸೆನ್ಸಿಗೆ ಮತ್ತೆ ದುಡ್ಡು ಕೊಡಬೇಕಿಲ್ಲ. ಲ್ಯಾಪ್‌ಟಾಪಿನ ಜೊತೆ ಬಂದ ವಿಂಡೋಸಿನ ಲೈಸೆನ್ಸ್ ಮದರ್‌ಬೋರ್ಡಿಗೆ ಕಟ್ಟಿಕೊಂಡಿರುತ್ತದೆ. ಅದೇ ಹೋಮ್ ಅಥವಾ ಪ್ರೊ ಆವೃತ್ತಿ ಹಾಕಿದರೆ ಇಂಟರ್ನೆಟ್ ಸಿಕ್ಕ ಕೂಡಲೇ ತಾನೇ ಆಕ್ಟಿವೇಟ್ ಆಗುತ್ತದೆ. ಇಂಟೆಲ್ ಪ್ರೊಸೆಸರಿನ 11ನೇ ತಲೆಮಾರು ಮತ್ತು ಅದರ ನಂತರದ ಎಷ್ಟೋ ಯಂತ್ರಗಳಲ್ಲಿ ಇನ್‌ಸ್ಟಾಲ್ ಮಾಡುವಾಗ ಡಿಸ್ಕೇ ಕಾಣುವುದಿಲ್ಲ. ಹೊಸ ಎಸ್‌ಎಸ್‌ಡಿ ಕೆಟ್ಟಿದೆ ಅಂತ ಅಂಗಡಿಗೆ ಓಡಬೇಡಿ. ವಿಂಡೋಸಿಗೆ ಆ ಡಿಸ್ಕನ್ನು ಕಾಣಿಸುವ ವಿಎಂಡಿ ಎಂಬ ಡ್ರೈವರನ್ನು ಲ್ಯಾಪ್‌ಟಾಪ್ ಕಂಪನಿಯ ತಾಣದಿಂದ ಪೆನ್‌ಡ್ರೈವಿಗೆ ಹಾಕಿ ತೋರಿಸಿದರೆ ಕಾಣುತ್ತದೆ. ವೈಫೈ ಹತ್ತದಿದ್ದರೆ ಮೊಬೈಲನ್ನು ಕೇಬಲ್ಲಿನಿಂದ ಜೋಡಿಸಿ ಯುಎಸ್‌ಬಿ ಟೆಥರಿಂಗ್ ಮಾಡಿಕೊಳ್ಳಿ. ವಿಂಡೋಸ್ 10ಕ್ಕೆ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ ಎಂಬುದೂ ಲೆಕ್ಕದಲ್ಲಿರಲಿ.

ಫೈಲುಗಳನ್ನು ಹಿಂದಕ್ಕೆ ಹಾಕಿದ ಮೇಲೆ ಬರೀ ಪಟ್ಟಿ ನೋಡಿ ಸಮಾಧಾನಪಡಬೇಡಿ, ತೆರೆದು ನೋಡಿ. ಕೆಳಗಿನ ಅರ್ಧ ಬೂದುಬಣ್ಣವಾದ ಫೋಟೋ ಅಂದರೆ ಆ ಸೆಕ್ಟರ್ ಓದಲು ಬಂದಿಲ್ಲ ಎಂದರ್ಥ. ಇನ್ನು ನಮ್ಮ ಡಿಟಿಪಿ ಮಂದಿಗೆ ಒಂದು ಮಾತು. ನುಡಿ, ಬರಹದ ಹಳೆಯ ಫಾಂಟುಗಳಲ್ಲಿ ಟೈಪ್ ಮಾಡಿದ ಕಡತ ಹೊಸ ವಿಂಡೋಸಿನಲ್ಲಿ ತೆರೆದಾಗ ಚಿತ್ರವಿಚಿತ್ರ ಇಂಗ್ಲಿಷ್ ಅಕ್ಷರಗಳು ಕಾಣುತ್ತವೆ. ಕೆಲಸವೆಲ್ಲ ಹಾಳಾಯಿತೆಂದು ಗಾಬರಿಯಾಗಿ ಅಳಿಸಬೇಡಿ. ಅವು ಯೂನಿಕೋಡ್ ಅಲ್ಲ, ಆ ಫಾಂಟು ಇದ್ದರೆ ಮಾತ್ರ ಕನ್ನಡವಾಗಿ ಕಾಣುತ್ತವೆ. ಇಮೇಜಿನೊಳಗೆ ವಿಂಡೋಸ್ ಫೋಲ್ಡರಿನ ಫಾಂಟ್ಸ್ ಎಂಬಲ್ಲಿಂದ ಹಳೆಯ ಫಾಂಟುಗಳನ್ನು ಎತ್ತಿ ಹೊಸದರಲ್ಲಿ ಹಾಕಿ. ಪೇಜ್‌ಮೇಕರ್ ಕಡತಗಳಾದರೆ ಚಿತ್ರಗಳಿದ್ದ ಫೋಲ್ಡರೂ ಅದೇ ಹೆಸರಿನಲ್ಲಿ ಅದೇ ಜಾಗದಲ್ಲಿರಲಿ, ಇಲ್ಲದಿದ್ದರೆ ಲಿಂಕು ಕಡಿದುಹೋಗುತ್ತದೆ.

ಹೊಸ ಡಿಸ್ಕಿಗೆ ಕ್ರಿಸ್ಟಲ್‌ಡಿಸ್ಕ್‌ಇನ್ಫೋ ಎಂಬ, ಡಿಸ್ಕಿನ ಆರೋಗ್ಯ ತೋರಿಸುವ ತಂತ್ರಾಂಶ ಹಾಕಿ ತಿಂಗಳಿಗೊಮ್ಮೆ ನೋಡಿ. ಹಾರ್ಡ್ ಡಿಸ್ಕಾದರೆ 05, ಸಿ5, ಸಿ6 ಎಂಬ ಸಾಲುಗಳಲ್ಲಿ ಸೊನ್ನೆ ಬಿಟ್ಟು ಬೇರೆ ಅಂಕಿ ಬಂದು ಏರತೊಡಗಿದರೆ ಅವತ್ತೇ ಪ್ರತಿ ತೆಗೆದುಕೊಳ್ಳಿ. ಸಿ7 ಏರಿದರೆ ಡಿಸ್ಕಿಗಿಂತ ಮೊದಲು ಕೇಬಲ್ ಸಂಶಯಿಸಿ.

ಹಳೆಯ ಡಿಸ್ಕನ್ನು ಕೂಡಲೇ ಗುಜರಿಗೆ ಹಾಕಬೇಡಿ. ತಾರೀಖು ಬರೆದು ಒಣ ಜಾಗದಲ್ಲಿ ಆರು ತಿಂಗಳಾದರೂ ಇಡಿ, ಯಾವ ಫೈಲು ಬಿಟ್ಟುಹೋಗಿದೆ ಎಂಬುದು ಗೊತ್ತಾಗುವುದು ಎಷ್ಟೋ ಸಲ ವಾರ್ಷಿಕ ಲೆಕ್ಕದ ಹೊತ್ತಿಗೆ. ಆಮೇಲೆ ಕೊಡುವ ಮುಂಚೆ ಅದನ್ನು ಓದಲು ಬಾರದಂತೆ ಮಾಡಿ. ಲ್ಯಾಪ್‌ಟಾಪಿನ ಅನೇಕ ಡಿಸ್ಕುಗಳ ತಟ್ಟೆ ಗಾಜಿನದು. ಸುತ್ತಿಗೆಯಿಂದ ಹೊಡೆದರೆ ಚೂರು ಸಿಡಿಯುತ್ತದೆ, ದಪ್ಪ ಬಟ್ಟೆಯಲ್ಲಿ ಸುತ್ತಿ, ಕಣ್ಣಿಗೆ ಕನ್ನಡಕ ಹಾಕಿಕೊಂಡು ಹೊಡೆಯಿರಿ, ಉಳಿದದ್ದನ್ನು ಇ-ತ್ಯಾಜ್ಯ ಪಡೆಯುವವರಿಗೇ ಕೊಡಿ. ನಮಸ್ಕಾರ.