ತಲೆಗೆ ಆರು ಬಂಡಿ ಕಲ್ಲು

ಮಾನ್ಯ ಅಧ್ಯಕ್ಷರೇ, ಮಿತ್ರರೇ,

ಹಳೆಯ ಕಟ್ಟಡವೊಂದರ ಚರಿತ್ರೆ ಬರೆಯಲು ಕುಳಿತಾಗ ನಾವು ಕಟ್ಟಿಸಿದವರು ಯಾರು, ನಕ್ಷೆ ಬರೆದವರು ಯಾರು, ಶೈಲಿ ಯಾವುದು ಎಂದು ಮೊದಲು ವಿಚಾರಿಸುತ್ತೇವೆ. ಕಲ್ಲು ಯಾರ ಬಂಡಿಯಲ್ಲಿ ಬಂತು ಎಂಬ ಪ್ರಶ್ನೆ, ಕೇಳಿದರೂ, ಅಡಿಟಿಪ್ಪಣಿಯಲ್ಲಿ ಮುಗಿಯುತ್ತದೆ. ಈ ಕ್ರಮವನ್ನು ತಿರುಗಿಸಬೇಕೆಂಬುದು ನನ್ನ ಹಳೆಯ ಹಟ. ಆ ಹಟಕ್ಕೆ ಆಧಾರವಾಗಿ ಇಂದು ಅಮೆರಿಕದ ಕಾನ್ಸಾಸ್ ರಾಜ್ಯದ ಎಲ್ಲಿಸ್ ಕೌಂಟಿಯಲ್ಲಿ, ಗೋಧಿ ಹೊಲಗಳ ನಡುವಿನ ವಿಕ್ಟೋರಿಯಾ ಎಂಬ ಸಣ್ಣ ಊರಿನಲ್ಲಿರುವ ಸಂತ ಫಿಡೆಲಿಸ್ ಚರ್ಚನ್ನು ಆರಿಸಿಕೊಂಡಿದ್ದೇನೆ.

ಈ ಚರ್ಚಿನ ಕಥೆ ರಷ್ಯಾದಲ್ಲಿ ಆರಂಭವಾಗುತ್ತದೆ. 1763ರಲ್ಲಿ ರಾಣಿ ಕ್ಯಾಥರೀನ್ ಹೊರಡಿಸಿದ ಪ್ರಕಟಣೆಯನ್ನು ನಂಬಿ ಸಾವಿರಾರು ಜರ್ಮನ್ ರೈತರು ವೋಲ್ಗಾ ನದಿಯ ಸೀಮೆಗೆ ಹೋಗಿ ನೆಲೆಸಿದರು. ತಮ್ಮ ಧರ್ಮವನ್ನು ಪಾಲಿಸುವ ಸ್ವಾತಂತ್ರ್ಯ ಹಾಗೂ ಸೈನ್ಯಸೇವೆಯಿಂದ ವಿನಾಯಿತಿ ಅವರಿಗೆ ಸಿಕ್ಕ ಮುಖ್ಯ ಭರವಸೆಗಳಾಗಿದ್ದವು. ನೂರು ವರ್ಷ ಕಳೆಯುವಷ್ಟರಲ್ಲಿ ಆ ಭರವಸೆಗಳು ಸಡಿಲವಾದವು. 1874ರ ಕಾನೂನು ಅವರ ಮಕ್ಕಳನ್ನೂ ಸೈನ್ಯಕ್ಕೆ ಕರೆಯಿತು. ಆಗ ಹೊರಟ ಕ್ಯಾಥೊಲಿಕ್ ಕುಟುಂಬಗಳು 1876ರಲ್ಲಿ ಎಲ್ಲಿಸ್ ಕೌಂಟಿಗೆ ಬಂದು, ಬಿಟ್ಟುಬಂದ ಊರುಗಳ ಹೆಸರನ್ನೇ ಹೊಸ ಊರುಗಳಿಗೂ ಇಟ್ಟವು. ಅವುಗಳಲ್ಲಿ ಹೆರ್ಜೋಗ್ ಒಂದು. ನಾವು ಮಾತನಾಡುತ್ತಿರುವ ಚರ್ಚು ಆ ಹೆರ್ಜೋಗಿನವರದು.

ಪಕ್ಕದಲ್ಲೇ ಆಗಲೇ ಇನ್ನೊಂದು ಊರಿತ್ತು. ಜಾರ್ಜ್ ಗ್ರಾಂಟ್ ಎಂಬ ಸ್ಕಾಟ್ಲೆಂಡಿನ ಉದ್ಯಮಿ 1873ರಲ್ಲಿ ರೈಲ್ವೆ ಕಂಪನಿಯಿಂದ ಜಮೀನು ಕೊಂಡು, ಬ್ರಿಟನ್ನಿನ ಸಿರಿವಂತರ ಮಕ್ಕಳನ್ನು ಕರೆತಂದು, ತಮ್ಮ ರಾಣಿಯ ಹೆಸರಿನಲ್ಲಿ ವಿಕ್ಟೋರಿಯಾವನ್ನು ಸ್ಥಾಪಿಸಿದ್ದರು. ಆಂಗಸ್ ತಳಿಯ ಕೊಂಬಿಲ್ಲದ ಕಪ್ಪು ಹೋರಿಗಳನ್ನು ಅಮೆರಿಕಕ್ಕೆ ಮೊದಲು ತಂದವರೂ ಅವರೇ. ಆ ಯುವಕರಿಗೆ ನೇಗಿಲಿಗಿಂತ ಕುದುರೆ ಸವಾರಿ ಮತ್ತು ಬೇಟೆಯ ಮೇಲೆ ಹೆಚ್ಚು ಒಲವಿತ್ತೆಂದು ಹೇಳುತ್ತಾರೆ. 1878ರಲ್ಲಿ ಗ್ರಾಂಟ್ ತೀರಿಕೊಂಡರು, ಅವರು ಕರೆತಂದವರಲ್ಲಿ ಬಹಳಷ್ಟು ಜನ ಚದುರಿಹೋದರು. ಹೋರಿಗಳ ತಳಿ ಮಾತ್ರ ದೇಶವಿಡೀ ಹಬ್ಬಿತು. 1913ರಲ್ಲಿ ಎರಡೂ ಊರುಗಳು ಒಂದಾದಾಗ ಉಳಿದ ಹೆಸರು ಹೋದವರದು, ಉಳಿದ ಜನ ಹೆರ್ಜೋಗಿನವರು. ಹೆಸರುಗಳನ್ನು ನಂಬಿ ಚರಿತ್ರೆ ಬರೆಯುವವರು ಇದನ್ನು ಗಮನಿಸಬೇಕೆಂದು ವಿನಂತಿ.

ಹೆರ್ಜೋಗಿನವರು ಬಂದಾಗ ಅವರೊಡನೆ ಗುರುಗಳೂ ಇರಲಿಲ್ಲ, ಚರ್ಚೂ ಇರಲಿಲ್ಲ. ಮರದ ಶಿಲುಬೆಯೊಂದನ್ನು ಬಯಲಿನಲ್ಲಿ ನೆಟ್ಟು, ಭಾನುವಾರಗಳಂದು ಅದರ ಸುತ್ತ ಸೇರಿ ಪ್ರಾರ್ಥಿಸುತ್ತಿದ್ದರು. 1878ರಲ್ಲಿ ಕಪುಚಿನ್ ಎಂಬ ಕ್ಯಾಥೊಲಿಕ್ ಸನ್ಯಾಸಿ ಸಂಸ್ಥೆಯ ಗುರುಗಳು ಧರ್ಮಕೇಂದ್ರದ ಹೊಣೆ ಹೊತ್ತರು. ತಮ್ಮದೇ ಸಂಸ್ಥೆಯವರಾಗಿ, ಧರ್ಮಕ್ಕಾಗಿ ಪ್ರಾಣ ಕೊಟ್ಟ ರಕ್ತಸಾಕ್ಷಿ ಫಿಡೆಲಿಸರ ಹೆಸರು ಇಲ್ಲಿಗೆ ಬಂದದ್ದು ಆ ನಂಟಿನಿಂದ. ಜನ ಹೆಚ್ಚಿದಂತೆಲ್ಲ ಹಿಂದಿನದಕ್ಕಿಂತ ದೊಡ್ಡ ಚರ್ಚು ಬೇಕಾಗುತ್ತ ಹೋಗಿ, ಈಗಿರುವ ಕಟ್ಟಡದ ಕೆಲಸ 1908ರಲ್ಲಿ ಶುರುವಾಯಿತು. ಪಿಟ್ಸ್‌ಬರ್ಗಿನ ಜಾನ್ ಕೋಮ್ಸ್ ಅದನ್ನು ದಪ್ಪ ಗೋಡೆ, ಅರ್ಧವೃತ್ತದ ಕಮಾನುಗಳ ರೊಮಾನೆಸ್ಕ್ ಶೈಲಿಯಲ್ಲಿ ವಿನ್ಯಾಸಗೊಳಿಸಿದರು. ವಾಸ್ತುಶಿಲ್ಪಿಯ ಹೆಸರು ಹೇಳಿಯಾಯಿತು, ಈಗ ಬಂಡಿಗಳಿಗೆ ಬರೋಣ.

ಪರಮಪ್ರಸಾದ, ಅಂದರೆ ಪೂಜೆಯಲ್ಲಿ ಕೊಡುವ ಪವಿತ್ರ ರೊಟ್ಟಿ, ಸ್ವೀಕರಿಸುವ ವಯಸ್ಸಿನ ಪ್ರತಿಯೊಬ್ಬ ಸದಸ್ಯರೂ ವರ್ಷಕ್ಕೆ 45 ಡಾಲರ್ ಕೊಡಬೇಕು, ಜೊತೆಗೆ ಆರು ಬಂಡಿ ಕಲ್ಲು ತಂದುಹಾಕಬೇಕು ಎಂದು ಗೊತ್ತುಮಾಡಲಾಯಿತು. ದೊಡ್ಡ ಕುಟುಂಬಗಳು 70–80 ಬಂಡಿ ಸಾಗಿಸಿದ್ದುಂಟು. ನೀವೇ ಲೆಕ್ಕ ಹಾಕಿ: 72 ಬಂಡಿ ಎಂದರೆ ಒಂದೇ ಮನೆಯಲ್ಲಿ ಹನ್ನೆರಡು ತಲೆ. ಇಷ್ಟು ಮಕ್ಕಳನ್ನು ದೇವರು ಕೊಟ್ಟದ್ದು ಕಲ್ಲು ಹೊರಿಸುವುದಕ್ಕೇ ಎಂದು ಯಾವ ತಂದೆಯಾದರೂ ಗೊಣಗಿದ್ದರೆ, ಅದು ದಾಖಲೆಯಲ್ಲಿ ಸಿಗುವ ಮಾತಲ್ಲ.

ಕಲ್ಲಿನ ಕೆಲಸವನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ಬೇಲಿಗೂಟಕ್ಕೂ ಮರ ಸಿಗದ ಆ ಹುಲ್ಲುಬಯಲಿನಲ್ಲಿ ರೈತರು ನೆಲದಡಿಯ ಸುಣ್ಣಕಲ್ಲನ್ನೇ ಸೀಳಿ ಕಂಬಗಳನ್ನು ಮಾಡಿಕೊಳ್ಳುತ್ತಿದ್ದರು. ಮೇಲ್ಮಣ್ಣು ಸರಿಸಿ, ಬಂಡೆಯ ಮೇಲೆ ಸಾಲಾಗಿ ತೂತು ಕೊರೆದು, ಪ್ರತಿ ತೂತಿನಲ್ಲೂ ಎರಡು ಕಬ್ಬಿಣದ ಪಟ್ಟಿಗಳ ನಡುವೆ ಬೆಣೆ ಇಳಿಸಿ, ಒಂದಾದ ಮೇಲೊಂದಕ್ಕೆ ಸುತ್ತಿಗೆಯಿಂದ ಹೊಡೆಯುತ್ತ ಹೋದರೆ ಕಲ್ಲು ತೂತುಗಳ ಸಾಲು ಹಿಡಿದು ನೇರವಾಗಿ ಬಿರಿಯುತ್ತದೆ. ಆಗಷ್ಟೇ ತೆಗೆದ ಕಲ್ಲು ಮೆದು. ಗಾಳಿಬಿಸಿಲಿಗೆ ಒಣಗಿದಂತೆ ಗಟ್ಟಿಯಾಗುತ್ತದೆ. ಅಂದರೆ ಚರ್ಚು ಕಟ್ಟಲು ಬೇಕಾದ ಕಲ್ಲೂ ಕೈಚಳಕವೂ ಆ ಸೀಮೆಯ ಹೊಲದಲ್ಲೇ ಇದ್ದವು. ಹೀಗೆ ಎದ್ದ ಕಟ್ಟಡದ ಉದ್ದ 220 ಅಡಿ, ಎರಡು ಗೋಪುರಗಳ ಎತ್ತರ 141 ಅಡಿ, ಒಳಗೆ 1,100 ಜನರಿಗೆ ಆಸನ. ವೆಚ್ಚ ಸುಮಾರು 1,32,000 ಡಾಲರ್ ಎಂದು ಪುಸ್ತಕಗಳು ಬರೆಯುತ್ತವೆ; ಧರ್ಮಕೇಂದ್ರದವರು ತಾವೇ ತಂದ ಬಂಡಿಗಳ ಕೂಲಿಯನ್ನು ಈ ಅಂಕಿಯಲ್ಲಿ ಹುಡುಕಬೇಡಿ.

1911ರಲ್ಲಿ ಚರ್ಚಿನ ಪ್ರತಿಷ್ಠೆಯಾಯಿತು. ಮರುವರ್ಷ ವಿಲಿಯಂ ಜೆನ್ನಿಂಗ್ಸ್ ಬ್ರಯಾನ್ ಅಲ್ಲಿಗೆ ಬಂದರು. ಅಮೆರಿಕದ ಅಧ್ಯಕ್ಷ ಪದವಿಗೆ ಮೂರು ಸಲ ನಿಂತು ಮೂರು ಸಲವೂ ಸೋತಿದ್ದ ಈ ಮಹಾ ವಾಗ್ಮಿ ಚರ್ಚನ್ನು ‘ಬಯಲಿನ ಕೆಥೀಡ್ರಲ್’ ಎಂದು ಕರೆದರು. ಮತದಾರರು ಒಪ್ಪದಿದ್ದರೂ ಈ ಹೆಸರನ್ನು ಎಲ್ಲರೂ ಒಪ್ಪಿದರು. ಕೆಥೀಡ್ರಲ್ ಎಂದರೆ ಧರ್ಮಾಧ್ಯಕ್ಷರ ಪೀಠವಿರುವ ಚರ್ಚು; ಅಲ್ಲಿ ಅಂಥ ಪೀಠ ಎಂದೂ ಇರಲಿಲ್ಲ ಎಂಬುದು ಯಾರಿಗೂ ಅಡ್ಡಿಯಾಗಲಿಲ್ಲ. ನನ್ನ ತಕರಾರು ಬೇರೆ. ಒಂದು ಭೇಟಿಯಲ್ಲಿ ಒಂದು ಮಾತು ಆಡಿಹೋದವರ ಹೆಸರು ಚರ್ಚಿನ ಪರಿಚಯ ಬರೆದ ಕಡೆಯಲ್ಲೆಲ್ಲ ಬರುತ್ತದೆ. ಎಪ್ಪತ್ತೆರಡು ಬಂಡಿ ಹೊಡೆದ ಮನೆಯವರು ‘ಭಕ್ತಾದಿಗಳು’ ಎಂಬ ಒಂದೇ ಪದದಲ್ಲಿ ಮುಗಿದುಹೋಗುತ್ತಾರೆ.

ಅಧ್ಯಕ್ಷರು ಗಡಿಯಾರ ನೋಡುತ್ತಿದ್ದಾರೆ. 1916ರಲ್ಲಿ ಕೂಡಿಸಿದ ಬಣ್ಣದ ಗಾಜಿನ ಕಿಟಕಿಗಳ ಬಗ್ಗೆ ಮಾಡಿಕೊಂಡ ಟಿಪ್ಪಣಿಯನ್ನು ಬದಿಗಿಡುತ್ತೇನೆ. ಪೋಪ್ ಫ್ರಾನ್ಸಿಸ್ 2014ರಲ್ಲಿ ಈ ಚರ್ಚಿಗೆ, ಆಯ್ದ ಚರ್ಚುಗಳಿಗಷ್ಟೇ ಪೋಪರು ಕೊಡುವ, ಬೆಸಿಲಿಕಾ ಎಂಬ ಗೌರವ ನೀಡಿದರು. ಊರಿನ ಈಗಿನ ಜನಸಂಖ್ಯೆ ಸಾವಿರದ ನೂರರ ಆಸುಪಾಸು; ಚರ್ಚಿನ ಆಸನಗಳೂ ಹೆಚ್ಚುಕಡಿಮೆ ಅಷ್ಟೇ.

ನೆರೆಯ ಫೈಫರ್ ಊರಿನವರು ಮಾರಿದ ಪ್ರತಿ ಬುಶೆಲ್ (ಧಾನ್ಯ ಅಳೆಯುವ ಒಂದು ಅಳತೆ) ಗೋಧಿಗೆ ಎರಡು ಸೆಂಟ್ ಎತ್ತಿಟ್ಟು ಪವಿತ್ರ ಶಿಲುಬೆಯ ಚರ್ಚನ್ನು ಕಟ್ಟಿದರು. ‘ಎರಡು ಸೆಂಟಿನ ಚರ್ಚು’ ಎಂದೇ ಅದಕ್ಕೆ ಹೆಸರು. ಅಲ್ಲಿ ಜನ ಕಡಿಮೆಯಾಗಿ ಧರ್ಮಕೇಂದ್ರ ಮುಚ್ಚಿತು, ಕಟ್ಟಡ ನಿಂತಿದೆ. ಅದರ ಲೆಕ್ಕವನ್ನೂ ಹೀಗೆಯೇ, ಬುಶೆಲ್ ಬುಶೆಲ್ ಆಗಿ, ಬಿಡಿಸಿ ಹೇಳಬೇಕೆಂದಿದ್ದೆ. ಪ್ರಶ್ನೆಗಳಿಗೆ ಹತ್ತು ನಿಮಿಷವಾದರೂ ಉಳಿಯಲಿ ಎಂದು ಇಲ್ಲಿಗೆ ನಿಲ್ಲಿಸುತ್ತೇನೆ. ನಮಸ್ಕಾರ.