ಸೂಟಿನ ಕಾಳು

ಕೇಳುಗರಿಗೆ ನಮಸ್ಕಾರ.

ನಾನು ಬೆಟಗೇರಿಯವನು. ಪಾದ್ರಿಯಲ್ಲ, ಉಪದೇಶಕನೂ ಅಲ್ಲ. ಗದಗ ಸೀಮೆಯ ಒಂದು ದಲಾಲಿ ಅಂಗಡಿಯಲ್ಲಿ 22 ವರ್ಷ ಗುಮಾಸ್ತನಾಗಿದ್ದವನು. ಕ್ರೈಸ್ತನಾದವನು ದಿನದ ಬದುಕಿನಲ್ಲಿ ಪ್ರಾಮಾಣಿಕನಾಗಿ ಹೇಗೆ ಬಾಳಬೇಕು, ಅದರ ಬಗ್ಗೆ ಮಾತಾಡಿ ಅಂತ ಬಾನುಲಿಯವರು ಕೇಳಿದರು. ಒಂದು ವಾರ ಯೋಚನೆ ಮಾಡಿದೆ. ನನ್ನ ಬದುಕಿನಿಂದ ಹೇಳಬಹುದಾದದ್ದು ಒಂದೇ ಸಂಗತಿ. ಅದು ಹೆಸರುಕಾಳಿನ ಸಂಗತಿ.

ನಮ್ಮ ಕಡೆ ಮುಂಗಾರಿಗೆ ಹೆಸರು ಬಿತ್ತುತ್ತಾರೆ. ಎರಡು, ಎರಡೂವರೆ ತಿಂಗಳಲ್ಲಿ ಕೈಗೆ ಬರುವ ಬೆಳೆ ಅದು. ಗಣಪತಿ ಹಬ್ಬದ ಆಸುಪಾಸು ಮಾರುಕಟ್ಟೆಗೆ ಬರಲು ಶುರುವಾಗುತ್ತದೆ. ರೋಣ, ನರಗುಂದ, ಮುಂಡರಗಿ ಕಡೆಯ ರೈತರು ಟ್ರ್ಯಾಕ್ಟರಿನಲ್ಲಿ, ಟಂಟಂನಲ್ಲಿ ಚೀಲ ಹೇರಿಕೊಂಡು ಬರುತ್ತಾರೆ. ಈ ಹೆಸರು ಮಾರಿದ ರೊಕ್ಕದಲ್ಲೇ ಅವರು ಹಿಂಗಾರಿಗೆ ಕಡಲೆ ಬೀಜ, ಜೋಳದ ಬೀಜ, ಗೊಬ್ಬರ ಕೊಳ್ಳಬೇಕು. ಅಂಗಡಿಯ ಸಾಲ ತೀರಿಸಬೇಕು. ಹಾಗಾಗಿ ಆ ದಿನಗಳಲ್ಲಿ ಒಂದು ಕಿಲೋ ಅಂದರೆ ಅವರಿಗೆ ಸಣ್ಣ ಲೆಕ್ಕವಲ್ಲ.

ಸೂಟು ಅಂದರೆ ರೈತರಿಗೆಲ್ಲ ಗೊತ್ತು. ಪೇಟೆಯ ಕೇಳುಗರಿಗಾಗಿ ಹೇಳುತ್ತೇನೆ. ಚೀಲ ತೂಗಿದ ಮೇಲೆ ಖಾಲಿ ಚೀಲದ ತೂಕ ಕಳೆಯಬೇಕು, ಅದು ನ್ಯಾಯ. ಆದರೆ ಅದರ ಮೇಲೆ ತೇವ ಇದೆ, ಕಸ ಇದೆ ಅಂತ ಇನ್ನೊಂದು ಕಿಲೋ ಮುರಿಯುತ್ತಾರೆ. ತೇವ ನಿಜಕ್ಕೂ ಇದೆಯೋ ಇಲ್ಲವೋ ಯಾರೂ ಮುಟ್ಟಿ ನೋಡುವುದಿಲ್ಲ. ಅದೇ ಸೂಟು. ನಮ್ಮ ರಾಜ್ಯದ ಎಪಿಎಂಸಿ ಕಾಯ್ದೆ, ಅಂದರೆ ಕೃಷಿ ಮಾರುಕಟ್ಟೆಯ ಕಾಯ್ದೆ, 1966ರದ್ದು. ಅದರಲ್ಲಿ ಸೂಟಿಗೆ ಜಾಗವೇ ಇಲ್ಲ. ದಲಾಲಿಯನ್ನೂ ಕೊಳ್ಳುವವರಿಂದ ತೆಗೆದುಕೊಳ್ಳಬೇಕು, ರೈತನಿಂದ ತೆಗೆದುಕೊಳ್ಳುವಂತಿಲ್ಲ. ಆದರೂ ನಮ್ಮ ಅಂಗಡಿಯಲ್ಲಿ ಅಧಿಕೃತ ಪಟ್ಟಿಯಲ್ಲದ ಬಿಳಿ ಚೀಟಿಯ ಮೇಲೆ ಎರಡೂ ನಡೆಯುತ್ತಿದ್ದವು. ಎಲ್ಲ ಅಂಗಡಿಯವರೂ ಹೀಗೆ ಅಂತ ನಾನು ಹೇಳುತ್ತಿಲ್ಲ. ಕಾಳು ಕಾಳಿಗೂ ಲೆಕ್ಕ ಕೊಡುವ ದಲಾಲರನ್ನು ನಾನೇ ಕಂಡಿದ್ದೇನೆ. ನಾನಿದ್ದ ಅಂಗಡಿಯ ಮಾತು ಇದು. ಚೀಟಿ ಬರೆದ ಕೈ ನನ್ನದು.

ಕೆಲಸಕ್ಕೆ ಸೇರಿದ ದಿನ ಅಂಗಡಿಯ ಸಾವಕಾರರು ಹೇಳಿದ ಮಾತು ಇವತ್ತಿಗೂ ಕಿವಿಯಲ್ಲಿದೆ. "ನೀವು ಮಿಷನ್ ಮಂದಿ. ನಿಮ್ಮ ಕೈಯಾಗ ಲೆಕ್ಕ ಇದ್ರ ನನಗ ನಿದ್ದಿ ಬರ್ತದ." ಅವರು ಹಾಗೆ ಹೇಳಲು ಕಾರಣವಿತ್ತು. ಸ್ವಿಟ್ಜರ್ಲೆಂಡಿನ ಕ್ರೈಸ್ತ ಸಂಸ್ಥೆಯಾದ ಬಾಸೆಲ್ ಮಿಷನ್ನಿನವರು ಧಾರವಾಡಕ್ಕೆ 1837ರಲ್ಲಿ, ಹುಬ್ಬಳ್ಳಿಗೆ 1839ರಲ್ಲಿ, ನಮ್ಮ ಬೆಟಗೇರಿಗೆ 1841ರಲ್ಲಿ ಬಂದರು. ಶಾಲೆ ತೆರೆದರು, ಆಮೇಲೆ ಆಸ್ಪತ್ರೆ ಆಯಿತು. ಅವರ ಕೈಕೆಳಗೆ ಬೆಳೆದ ನಮ್ಮ ಹಿರಿಯರು ಬಡವರಾಗಿದ್ದರು, ಆದರೆ ಕೊಟ್ಟ ಕೆಲಸ ಸರಿಯಾಗಿ ಮಾಡಿದರು. ಊರಿನವರು ಅದನ್ನು ನೋಡಿ ನಂಬಿದರು. ಆ ನಂಬಿಕೆಯನ್ನು ನಾನು ಸಂಪಾದಿಸಿದ್ದಲ್ಲ. ಅಜ್ಜ, ಮುತ್ತಜ್ಜ ಕೂಡಿಟ್ಟ ಗಂಟು ಅದು. ನಾನು ಅದನ್ನು ಖರ್ಚು ಮಾಡುತ್ತಾ ಹೋದೆ.

ಹೇಗೆ ಅಂತೀರಾ? ಚೀಟಿ ಬರೆಯುವಾಗ ಯಾವನಾದರೂ ರೈತ ತಕರಾರು ತೆಗೆದರೆ ಸಾವಕಾರರು ನನ್ನ ಕಡೆ ಕೈ ತೋರಿಸುತ್ತಿದ್ದರು. "ಇವರು ಕ್ರಿಶ್ಚನ್ ಮಂದಿ. ಸುಳ್ಳು ಬರೀತಾರೇನ?" ಅನ್ನುತ್ತಿದ್ದರು. ರೈತ ನನ್ನ ಮುಖ ನೋಡುತ್ತಿದ್ದ. ಸುಮ್ಮನಾಗುತ್ತಿದ್ದ. ನನ್ನ ಒಳ್ಳೆಯ ಹೆಸರೇ ಆ ಮೋಸ ನಡೆಸುವ ಸಾಮಾನಾಗಿತ್ತು. ಇದು ನನಗೆ ಅರ್ಥವಾಗಲು ಒಂಬತ್ತು ವರ್ಷ ಬೇಕಾಯಿತು.

ನಮ್ಮ ಅವ್ವ ಮಗ್ಗದ ಮನೆಯವಳು. ಅಪ್ಪ ಸೀರೆ ನೇಯುತ್ತಿದ್ದ, ಅವ್ವ ಲಾಳಿಯೊಳಗಿನ ಕಂಡಿಕೆಗೆ ನೂಲು ಸುತ್ತುತ್ತಿದ್ದಳು. ಆಗ ಸೀರೆ ವ್ಯಾಪಾರದ ಸಾವಕಾರರು ನೂಲು ತೂಗಿ ಕೊಡುತ್ತಿದ್ದರು, ಸೀರೆ ತೂಗಿ ತೆಗೆದುಕೊಳ್ಳುತ್ತಿದ್ದರು. ಗಂಜಿ ಸ್ವಲ್ಪ ಜಾಸ್ತಿ ಹಚ್ಚಿದರೆ ಸೀರೆಯ ತೂಕ ಏರುತ್ತದೆ. ಆ ತೂಕದಷ್ಟು ನೂಲು ಮನೆಯಲ್ಲೇ ಉಳಿಯುತ್ತದೆ. ಮಾಡುವವರು ಮಾಡುತ್ತಿದ್ದರು. ನಮ್ಮ ಅವ್ವ ಕಂಡಿಕೆಯಲ್ಲಿ ಉಳಿದ ಗೇಣುದ್ದದ ಎಳೆಗಳನ್ನೂ ಬಿಚ್ಚಿ, ಉಂಡೆ ಮಾಡಿ, ಸೀರೆಯ ಜೊತೆ ಕಳಿಸುತ್ತಿದ್ದಳು. "ಇದನ್ಯಾಕ ತಂದೀ, ಒಗಿ ಆಚಿ" ಅಂತ ಸಾವಕಾರರ ಮನೆಯಲ್ಲಿ ಬೈಯುತ್ತಿದ್ದರು. ಒಯ್ಯುತ್ತಿದ್ದವನು ನಾನು. ನನಗೆ ನಾಚಿಕೆಯಾಗುತ್ತಿತ್ತು. ಅವ್ವನಿಗೆ ಓದಲು ಬರುತ್ತಿರಲಿಲ್ಲ. ಬೈಬಲಿನ ಯಾವ ಅಧ್ಯಾಯದಲ್ಲಿ ಏನಿದೆ ಅಂತ ಆಕೆಗೆ ಗೊತ್ತಿರಲಿಲ್ಲ. ನೂಲು ಯಾರದು ಅಂತ ಗೊತ್ತಿತ್ತು.

ಈಗ ಒಂದು ಚೀಲದ ಮಾತಿಗೆ ಬರುತ್ತೇನೆ. ಸೂಟು ಮುರಿದು ಉಳಿದ ಕಾಳು, ಮಾದರಿಗೆ ಅಂತ ಮುಷ್ಟಿ ಮುಷ್ಟಿ ತೆಗೆದ ಕಾಳು, ನೆಲಕ್ಕೆ ಬಿದ್ದು ಗುಡಿಸಿದ ಕಾಳು, ಎಲ್ಲ ಅಂಗಡಿಯ ಒಂದು ಮೂಲೆಯಲ್ಲಿ ರಾಶಿಯಾಗುತ್ತಿತ್ತು. ಹಂಗಾಮು ಮುಗಿದ ಮೇಲೆ ಸಾವಕಾರರು ಗುಮಾಸ್ತರಿಗೆ, ಹಮಾಲರಿಗೆ ಅದರಲ್ಲಿ ಪಾಲು ಕೊಡುತ್ತಿದ್ದರು. ಆ ಒಂಬತ್ತನೇ ವರ್ಷ ನನಗೆ ಒಂದು ಪೂರ್ತಿ ಚೀಲ ಕೊಟ್ಟರು. ಅದೇ ತಿಂಗಳು ನಮ್ಮ ಚರ್ಚಿನಲ್ಲಿ ಬೆಳೆಹಬ್ಬ. ನಿಮಗೆ ಗೊತ್ತಿರಬಹುದು, ಅವತ್ತು ಒಬ್ಬೊಬ್ಬರು ತಮ್ಮ ಕೈಲಾದದ್ದು ತಂದು ದೇವರ ಮುಂದೆ ಇಡುತ್ತಾರೆ. ಕುಂಬಳಕಾಯಿ, ಜೋಳದ ತೆನೆ, ಕೋಳಿ, ಮೊಟ್ಟೆ. ಆರಾಧನೆ ಮುಗಿದ ಮೇಲೆ ಅದನ್ನೆಲ್ಲ ಸವಾಲು ಕೂಗುತ್ತಾರೆ. ನಾನು ಆ ಹೆಸರಿನ ಚೀಲ ಒಯ್ದು ಇಟ್ಟೆ. ಎಲ್ಲರೂ ನೋಡಿದರು. ಸಂತೋಷವಾಯಿತು, ಸುಳ್ಳು ಹೇಳುವುದಿಲ್ಲ.

ಅವತ್ತಿನ ಪಾಠ ಬೈಬಲಿನ ಪ್ರವಾದಿ ಆಮೋಸನದು, 8ನೇ ಅಧ್ಯಾಯ. ಆಮೋಸ ಕುರಿ ಕಾಯುವವನು, ನಮ್ಮ ಹಾಗೆ ಹಳ್ಳಿಗಾಡಿನವನು. ಅವನು ವ್ಯಾಪಾರಿಗಳ ಬಗ್ಗೆ ಹೇಳುತ್ತಾನೆ. ಅವರು ಸಬ್ಬತ್ ದಿನ, ಅಂದರೆ ವಾರದ ವಿಶ್ರಾಂತಿಯ ದಿನ, ಆರಾಧನೆಗೆ ಬಂದು ಕೂತಿದ್ದಾರೆ, ಆದರೆ ಇದು ಯಾವಾಗ ಮುಗಿದೀತು, ಧಾನ್ಯದ ಅಂಗಡಿ ಯಾವಾಗ ತೆರೆದೇವು ಅನ್ನುವುದೇ ಅವರ ಧ್ಯಾನ. ಕೊಳಗ ಚಿಕ್ಕದು ಮಾಡುತ್ತಾರೆ, ತಕ್ಕಡಿಯಲ್ಲಿ ಮೋಸ ಮಾಡುತ್ತಾರೆ. ಕೊನೆಗೆ ಗೋದಿಯ ಕಸವನ್ನೂ ಬಿಡದೆ ಬಡವರಿಗೆ ಮಾರುತ್ತಾರೆ. ಗುಡಿಸಿದ ಕಾಳು! ನಾನು ಕತ್ತೆತ್ತಿ ನೋಡಿದೆ. ಅಷ್ಟು ಹಳೆಯ ಮಾತು ನನ್ನ ಚೀಲದ ಬಾಯಿ ಬಿಚ್ಚಿ ತೋರಿಸಿದಂತೆ ಇತ್ತು. ಚರ್ಚಿನ ಪಾದ್ರಿಗಳಾದ ಸಭಾಪಾಲಕರಿಗೆ ನನ್ನ ಅಂಗಡಿಯ ಸಂಗತಿ ಏನೂ ಗೊತ್ತಿರಲಿಲ್ಲ. ಅವರು ಸುಮ್ನೆ ಓದುತ್ತಾ ಹೋದರು. ನನಗೆ ಕರ್ತನ ಭೋಜನಕ್ಕೆ, ಅಂದರೆ ರೊಟ್ಟಿ ದ್ರಾಕ್ಷಾರಸದ ಸಂಸ್ಕಾರಕ್ಕೆ, ಏಳಲು ಆಗಲಿಲ್ಲ.

ಆ ರಾತ್ರಿ ಪ್ರಾರ್ಥನೆ ಮಾಡಿದೆ. ಕ್ಷಮಿಸು ಅಂತ ಕೇಳಿದೆ. ನಾವು ಕ್ರೈಸ್ತರು ಇಲ್ಲೇ ಒಂದು ತಪ್ಪು ಮಾಡುತ್ತೇವೆ ಅಂತ ನನಗೆ ಅನ್ನಿಸುತ್ತದೆ. ದೇವರ ಹತ್ತಿರ ಅತ್ತು, ಕಣ್ಣೊರೆಸಿಕೊಂಡು, ಹಗುರಾಗಿ ಮಲಗಿಬಿಡುತ್ತೇವೆ. ಲೆಕ್ಕ ಮುಗಿಯಿತು ಅಂದುಕೊಳ್ಳುತ್ತೇವೆ. ಆದರೆ ನಾನು ಕಾಳು ತೆಗೆದುಕೊಂಡದ್ದು ದೇವರ ಚೀಲದಿಂದಲ್ಲ. ಮುಂಡರಗಿ ಕಡೆಯ ಒಬ್ಬ ಮುದುಕನ ಚೀಲದಿಂದ. ಅವನಿಗೆ ಏನು ಬಂತು?

ಮೋಶೆಯ ಧರ್ಮಶಾಸ್ತ್ರ ಇದನ್ನು ಬಹಳ ಸರಳವಾಗಿ ಹೇಳುತ್ತದೆ. ಬೈಬಲಿನ ಯಾಜಕಕಾಂಡದ 6ನೇ ಅಧ್ಯಾಯ ತೆಗೆದು ನೋಡಿ. ಮೋಸದಿಂದ ತೆಗೆದುಕೊಂಡದ್ದನ್ನು ಪೂರ್ತಿ ತಿರುಗಿ ಕೊಡಬೇಕು. ಅದರ ಮೇಲೆ ಐದನೇ ಒಂದು ಪಾಲು ಕೂಡಿಸಬೇಕು. ಯಾವಾಗ? ದೇವರಿಗೆ ಬಲಿ ತರುವ ದಿನವೇ. ಅಂದರೆ ಎರಡೂ ಕೆಲಸ ಒಂದೇ ದಿನ. ಯೇಸುಸ್ವಾಮಿ ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. ಕಾಣಿಕೆ ತಂದಾಗ ಸಹೋದರನ ಮನಸ್ಸಿನಲ್ಲಿ ನಿನ್ನ ಮೇಲೆ ಏನೋ ಇದೆ ಅಂತ ನೆನಪಾದರೆ, ಕಾಣಿಕೆಯನ್ನು ಅಲ್ಲೇ ಬಿಟ್ಟು ಮೊದಲು ಅವನ ಹತ್ತಿರ ಹೋಗು ಅಂದರು. ಅಲ್ಲೇ ಬಿಟ್ಟು! ಆರಾಧನೆ ಮುಗಿಯಲಿ, ಆಮೇಲೆ ನೋಡೋಣ ಅಂತ ಹೇಳಲಿಲ್ಲ.

ಜಕ್ಕಾಯನ ಕಥೆ ನಮ್ಮ ಸಂಡೆ ಸ್ಕೂಲ್ ಮಕ್ಕಳಿಗೆಲ್ಲ ಬರುತ್ತದೆ. ಗಿಡ್ಡ ಮನುಷ್ಯ, ಯೇಸುವನ್ನು ನೋಡಲು ಮರ ಹತ್ತಿದ. ಮಕ್ಕಳಿಗೆ ಮರ ಹತ್ತಿದ್ದೇ ದೊಡ್ಡದು, ನಮಗೂ ಅಷ್ಟೇ ನೆನಪು. ಲೂಕನ ಸುವಾರ್ತೆಯ 19ನೇ ಅಧ್ಯಾಯವನ್ನು ನಾನು ಆಮೇಲೆ ಎಷ್ಟು ಸಲ ಓದಿದೆನೋ ಲೆಕ್ಕವಿಲ್ಲ. ಅವನು ಯೆರಿಕೋ ಊರಿನ ಸುಂಕದವರ ಮುಖ್ಯಸ್ಥ. ಯೇಸು ಅವನಿಗೆ ಬೈಯಲಿಲ್ಲ, ಉಪದೇಶವನ್ನೂ ಮಾಡಲಿಲ್ಲ. ಇವತ್ತು ನಿನ್ನ ಮನೆಯಲ್ಲಿ ಇಳಿದುಕೊಳ್ಳಬೇಕು ಅಂದರು, ಅಷ್ಟೇ. ಹಿಂದಿರುಗಿಸು ಅಂತ ಯಾರೂ ಹೇಳದೆ ಅವನೇ ಎದ್ದು ನಿಂತ. ಆಸ್ತಿಯಲ್ಲಿ ಅರ್ಧ ಬಡವರಿಗೆ, ಮೋಸದಿಂದ ತೆಗೆದುಕೊಂಡದ್ದಕ್ಕೆ ನಾಲ್ಕರಷ್ಟು ಅಂದ. ಈ ಮನೆಗೆ ಇವತ್ತು ರಕ್ಷಣೆ ಬಂತು ಅನ್ನುವ ಮಾತು ಯೇಸುವಿನ ಬಾಯಿಂದ ಬಂದದ್ದು ಆಮೇಲೆ. ಮರದ ಕೆಳಗೆ ಆ ಮಾತು ಬರಲಿಲ್ಲ.

ನಾನು ಜಕ್ಕಾಯನಷ್ಟು ಧೈರ್ಯದವನಲ್ಲ. ಇನ್ನು ಮೇಲೆ ಸೂಟು ಬರೆಯುವುದಿಲ್ಲ ಅಂತ ಸಾವಕಾರರಿಗೆ ಹೇಳಲು ನನಗೆ ಎರಡು ತಿಂಗಳು ಹಿಡಿಯಿತು. ಅವರು ಕೂಗಾಡಲಿಲ್ಲ. ಸ್ವಲ್ಪ ಹೊತ್ತು ನನ್ನ ಮುಖ ನೋಡಿದರು. ಮರುದಿನದಿಂದ ನನ್ನನ್ನು ಗೋದಾಮಿನ ಲೆಕ್ಕಕ್ಕೆ ಹಾಕಿದರು. ಪಗಾರ ಕಡಿಮೆಯಾಯಿತು. ಉಳಿದ ವರ್ಷಗಳಲ್ಲೆಲ್ಲ ನಾನು ಅಲ್ಲೇ ಚೀಲ ಎಣಿಸಿದೆ. ಚೀಟಿ ಬರೆಯಲು ಬೇರೆ ಹುಡುಗ ಬಂದ. ಸೂಟು ನಿಲ್ಲಲಿಲ್ಲ, ಅದನ್ನೂ ಹೇಳಬೇಕು.

ಈ ವಿಷಯ ನಾನು ಮನೆಯಲ್ಲಿ ಹೇಳಲಿಲ್ಲ. ಪಗಾರ ತಡವಾಗಿದೆ ಅಂದೆ, ಆಮೇಲೆ ಹಬ್ಬದ ಮುಂಗಡ ಕಡಿದುಕೊಂಡಿದ್ದಾರೆ ಅಂದೆ. ಮೂರು ತಿಂಗಳು ಹೀಗೇ ನಡೆಯಿತು. ಮಗಳ ಶಾಲೆಯ ಫೀ ನಿಂತಿತು. ಕೊನೆಗೆ ಹಮಾಲನ ಹೆಂಡತಿಯ ಬಾಯಿಂದ ನನ್ನ ಹೆಂಡತಿಗೆ ಗೊತ್ತಾಯಿತು. ಆಕೆ ಜಗಳ ಆಡಲಿಲ್ಲ. ರೊಟ್ಟಿ ಬಡಿಯುತ್ತಾ ಒಂದೇ ಮಾತು ಕೇಳಿದಳು. "ಅಂಗಡ್ಯಾಗ ಖರೆ ಹೇಳಿದ್ರಿ. ಮನ್ಯಾಗ ಯಾಕ ಮುಚ್ಚಿಟ್ರಿ?" ನನ್ನಲ್ಲಿ ಉತ್ತರವಿರಲಿಲ್ಲ. ಹೊರಗೆ ಸತ್ಯವಂತನಾಗುವ ಆತುರದಲ್ಲಿ ಅದರ ಬೆಲೆಯನ್ನು ಮನೆಯವರ ಮೇಲೆ ಹೊರಿಸಿದ್ದೆ, ಅದೂ ಅವರಿಗೆ ಹೇಳದೆ. ಪ್ರಾಮಾಣಿಕತೆಯ ಬಗ್ಗೆ ಮಾತಾಡುವವರು ಈ ಭಾಗವನ್ನು ಹೇಳುವುದು ಕಡಿಮೆ. ನೀವು ಲಂಚ ಬಿಟ್ಟರೆ, ಸುಳ್ಳು ಬಿಲ್ಲು ಬಿಟ್ಟರೆ, ಅನುಕೂಲಸ್ಥರಾಗಿದ್ದೂ ಇಟ್ಟುಕೊಂಡ ಬಿಪಿಎಲ್ ಕಾರ್ಡು ವಾಪಸ್ಸು ಮಾಡಿದರೆ, ಅದರ ಹೊರೆ ಹೆಂಡತಿ ಮಕ್ಕಳ ಹೆಗಲಿಗೂ ಬೀಳುತ್ತದೆ. ಅವರನ್ನು ಕೂರಿಸಿ ಹೇಳಿ. ಅವರಿಗೂ ಆರಿಸಿಕೊಳ್ಳುವ ಅವಕಾಶ ಕೊಡಿ. ನನ್ನ ಹೆಂಡತಿಗೆ ಹೇಳಿದ್ದರೆ ಅವಳು ಮೊದಲ ದಿನವೇ ನನ್ನ ಜೊತೆ ನಿಲ್ಲುತ್ತಿದ್ದಳು. ಅಂದು ಸಂಜೆ ಒಂದು ನೋಟುಬುಕ್ಕು ತಂದು ಮುಂದಿಟ್ಟವಳು ಅವಳೇ. "ನೆನಪಿದ್ದವರ ಹೆಸರು ಬರೀರಿ" ಅಂದಳು.

ಬರೆದೆ. ಒಂಬತ್ತು ವರ್ಷದಲ್ಲಿ ನೂರಾರು ಜನ. ನೆನಪಿಗೆ ಬಂದದ್ದು 37 ಹೆಸರು. ಹೆಸರು, ಊರು, ಎಷ್ಟು ಚೀಲ ಅಂತ ಅಂದಾಜು.

ಮೊದಲು ಹೋದದ್ದು ಆ ಮುಂಡರಗಿ ಕಡೆಯ ಮುದುಕನ ಹತ್ತಿರ. 20 ಚೀಲ, 20 ಕಿಲೋ. ಅದರ ಮೇಲೆ ಐದನೇ ಒಂದು ಪಾಲು, 4 ಕಿಲೋ. ಅಷ್ಟು ಹೆಸರಿನ ರೊಕ್ಕ ಲಕೋಟೆಯಲ್ಲಿ ಹಾಕಿಕೊಂಡು ಬಸ್ಸಿನಲ್ಲಿ ಹೋದೆ. ಅವನು ಕಟ್ಟೆಯ ಮೇಲೆ ಕೂತಿದ್ದ. ಎಲ್ಲ ಕೇಳಿದ. ಅಪ್ಪಿಕೊಂಡಾನು ಅಂತ ನನ್ನ ಮನಸ್ಸಿನ ಯಾವುದೋ ಮೂಲೆಯಲ್ಲಿ ಆಸೆ ಇತ್ತು. ಅವನು ರೊಕ್ಕ ಎಣಿಸಿ ಕಿಸೆಗೆ ಹಾಕಿಕೊಂಡ. "ನನ್ನೊಬ್ಬನದು ತಂದೀಯಪ್ಪಾ. ಅವತ್ತ ನನ್ನ ಹಿಂದ ಪಾಳಿ ನಿಂತಿದ್ರಲ್ಲ, ಅವರದು?" ಅಂದ. ಅಷ್ಟು ಹೇಳಿ ಎದ್ದು ದನ ಬಿಚ್ಚಲು ಹೋದ. ಬಸ್ಸಿನಲ್ಲಿ ತಿರುಗಿ ಬರುವಾಗ ನನಗೆ ಮೊದಲು ಸಿಟ್ಟು ಬಂತು. ಆಮೇಲೆ ಅವನು ಕೇಳಿದ್ದು ಸರಿ ಅನ್ನಿಸಿತು. ಕ್ಷಮೆ ಕೊಡುವುದು ಬಿಡುವುದು ಅವನಿಗೆ ಬಿಟ್ಟದ್ದು. ನನ್ನದು ಸಾಲ ತೀರಿಸುವುದು ಮಾತ್ರ.

ಸಿಗದೆ ಹೋದವರ ಪಾಲು ಏನು ಮಾಡಬೇಕು? ಅರಣ್ಯಕಾಂಡದ 5ನೇ ಅಧ್ಯಾಯದಲ್ಲಿ ಇದಕ್ಕೂ ದಾರಿ ಇದೆ. ಹಿಂದಕ್ಕೆ ಪಡೆಯಲು ಹತ್ತಿರದ ಸಂಬಂಧಿಕನೂ ಇಲ್ಲದಿದ್ದರೆ ಅದು ದೇವರಿಗೆ ಸೇರಬೇಕು, ಯಾಜಕನಿಗೆ ಕೊಡಬೇಕು ಅಂತ. ನಾನು ಸಭಾಪಾಲಕರನ್ನು ಕೇಳಿದೆ. "ಚರ್ಚಿಗೆ ಬೇಡ. ಮೊದಲು ಪೂರ್ತಿ ಹುಡುಕಿ" ಅಂದರು. ಒಳ್ಳೆಯ ಮಾತು ಹೇಳಿದರು. ಹುಡುಕದೆ ಕಾಣಿಕೆ ಡಬ್ಬಿಗೆ ಹಾಕುವುದು ಸುಲಭದ ದಾರಿಯಾಗುತ್ತಿತ್ತು, ಅಲ್ವಾ?

ಇದನ್ನು ಕೇಳುತ್ತಿರುವವರಲ್ಲಿ ನಮ್ಮ ಧರ್ಮದವರಲ್ಲದವರೇ ಜಾಸ್ತಿ ಅಂತ ನನಗೆ ಗೊತ್ತು. ನಮ್ಮ ಮಗ್ಗದ ಓಣಿಯಲ್ಲಿ ಕಾಯಕ ಅನ್ನುವ ಮಾತನ್ನು ನಾನು ನೆರೆಯವರ ಬಾಯಿಂದಲೇ ಕಲಿತೆ. ನನ್ನ ಅವ್ವನ ನೂಲಿನ ಉಂಡೆ ಅವರಿಗೆ ಚೆನ್ನಾಗಿ ಅರ್ಥವಾಗುತ್ತಿತ್ತು. ನಿಮಗೂ ಆಗುತ್ತದೆ.

37ರಲ್ಲಿ ಇಲ್ಲಿಯವರೆಗೆ 14 ಮನೆ ಸಿಕ್ಕಿವೆ. ಈಗ ರೊಕ್ಕ ಒಯ್ಯುವುದಿಲ್ಲ, ಕಾಳನ್ನೇ ಒಯ್ಯುತ್ತೇವೆ. ಹೆಂಡತಿಯೂ ಬರುತ್ತಾಳೆ. ಹೋದ ವರ್ಷ ರೋಣ ತಾಲ್ಲೂಕಿನ ಒಂದು ಹಳ್ಳಿಗೆ ಹೋದೆವು. ಚೀಲ ತಂದಿದ್ದ ರೈತ ತೀರಿಹೋಗಿದ್ದ. ಸೊಸೆ ಬಾಗಿಲಲ್ಲಿ ನಿಂತು ಎಲ್ಲ ಕೇಳಿದಳು. ನಂಬಿದಳೋ ಇಲ್ಲವೋ ಮುಖ ನೋಡಿ ಗೊತ್ತಾಗಲಿಲ್ಲ. ಒಳಗೆ ಹೋಗಿ ಒಂದು ಸೇರು ತಂದಳು, ಮೊರ ತಂದಳು. ನನ್ನ ಮುಂದೆ ಇಟ್ಟಳು.

"ಅಳದ ಹಾಕ್ರಿ, ನೋಡ್ತೀನಿ" ಅಂದಳು.

ನಾನು ಕೆಳಗೆ ಕೂತೆ. ಒಂದೊಂದೇ ಸೇರು ತುಂಬಿ, ಗಟ್ಟಿಯಾಗಿ ಎಣಿಸುತ್ತಾ, ಮೊರಕ್ಕೆ ಸುರಿದೆ. ಆಕೆ ಕಣ್ಣು ತೆಗೆಯದೆ ನೋಡುತ್ತಿದ್ದಳು.