ಆನೆಗೊಂದಿ ಬಂಡೆಗಳು ಹೆಲಿಕಾಪ್ಟರ್‌ನಿಂದ ಚಪ್ಪಟೆ ಕಾಣೋದ್ಯಾಕೆ?

[ದೃಶ್ಯ: ಆನೆಗೊಂದಿ, ಮಧ್ಯಾಹ್ನ, ಮೇಲಿನಿಂದ]

ನಮಸ್ಕಾರ. ಗಂಗಾವತಿಯ ವೀಕ್ಷಕರೊಬ್ಬರು ಈ ತುಣುಕು ಕಳಿಸಿ ಕೇಳಿದಾರೆ: "ಅಣ್ಣಾ, ಹಂಪಿ ಉತ್ಸವದಾಗ ಹೆಲಿಕಾಪ್ಟರ್ ಹತ್ತಿ ತೆಗೆದದ್ದು. ಕೆಳಗ ನಿಂತ್ರ ಎದಿ ಝಲ್ ಅನ್ನೋ ಬಂಡೆಗಳು ಇದ್ರಾಗ ಚಪ್ಪಟೆ ಆಗ್ಯಾವಲ್ಲ, ಯಾಕ?"

ಕ್ಯಾಮೆರಾ ಸರಿಯಾಗೇ ಇದೆ. ತೆಗೆದ ಹೊತ್ತು ಮಧ್ಯಾಹ್ನ 12. ಉತ್ತರ ಅಲ್ಲೇ ಇದೆ.

ಕೆಳಗೆ ನಿಂತಾಗ ಬಂಡೆಯ ಮೈ ಕಾಣುತ್ತೆ, ಹಿಂದೆ ಆಕಾಶ ಇರುತ್ತೆ. ಮೇಲಿನಿಂದ ಕಾಣೋದು ನೆತ್ತಿ ಮಾತ್ರ. ಆಗ ಎತ್ತರ ಹೇಳೋದು ಮುಖ್ಯವಾಗಿ ನೆರಳೇ. ಗಿಲಾವು ಮಾಡಿದ ಗೋಡೆಗೆ ಮೇಸ್ತ್ರಿ ಬ್ಯಾಟರಿಯನ್ನ ಎದುರಿಗೆ ಹಿಡಿಯಲ್ಲ, ಪಕ್ಕದಿಂದ ಓರೆಯಾಗಿ ಬಿಡ್ತಾನೆ. ಆಗ ಒಂದೊಂದು ಉಬ್ಬೂ ತಗ್ಗೂ ಎದ್ದು ಕಾಣುತ್ತೆ. ಇಲ್ಲೂ ಅದೇ. ಮಧ್ಯಾಹ್ನ ಸೂರ್ಯ ಮೇಲಿರ್ತಾನೆ, ನೆರಳು ಗಿಡ್ಡ. ಬೆಳಿಗ್ಗೆ ಬಿಸಿಲು ಓರೆ, ನೆರಳು ಉದ್ದ.

[ದೃಶ್ಯ: ಅದೇ ಜಾಗ, ಬೆಳಗಿನ ಬಿಸಿಲು]

ಲೆಕ್ಕ ನೋಡಿ. 10 ಮೀಟರ್ ಎತ್ತರದ ಬಂಡೆ. ಸೂರ್ಯ ದಿಗಂತದಿಂದ 45 ಡಿಗ್ರಿ ಎತ್ತರದಲ್ಲಿದ್ರೆ ನೆರಳೂ 10 ಮೀಟರ್. 10 ಡಿಗ್ರಿಗೆ ಇಳಿದ್ರೆ ಸುಮಾರು 57 ಮೀಟರ್. 5 ಡಿಗ್ರಿಗೆ 114! ಸುಮಾರು 250 ಕೋಟಿ ವರ್ಷದ ಗ್ರಾನೈಟ್ ಗುಡ್ಡ ಆಗ ತನ್ನ ಪೂರ್ತಿ ಆಕಾರ ಬಿಟ್ಟುಕೊಡುತ್ತೆ.

ನನಗೆ ತುಂಬಾ ಇಷ್ಟವಾದ ವಿಷಯ ಈಗ ಬರುತ್ತೆ. ಆ ಬೆಳಕು ಆನೆಗೊಂದಿ ಇರೋ ನಮ್ಮ ಕೊಪ್ಪಳ ಜಿಲ್ಲೆಯಲ್ಲಿ ಬಹಳ ಹೊತ್ತು ಇರಲ್ಲ. ನಾವು ಸಮಭಾಜಕಕ್ಕೆ ಹತ್ತಿರ, ಸುಮಾರು 15 ಡಿಗ್ರಿ ಉತ್ತರದಲ್ಲಿ. ಸೂರ್ಯ ಇಲ್ಲಿ ಹೆಚ್ಚುಕಮ್ಮಿ ನೆಟ್ಟಗೆ ಏರ್ತಾನೆ. ಹುಟ್ಟಿ 45-50 ನಿಮಿಷದಲ್ಲಿ 10 ಡಿಗ್ರಿ ದಾಟಿರ್ತಾನೆ. ಲಂಡನ್‌ನಲ್ಲಿ ಡಿಸೆಂಬರ್ ಕೊನೆಗೆ ನಡುಮಧ್ಯಾಹ್ನವೂ ಸೂರ್ಯ ಸುಮಾರು 15 ಡಿಗ್ರಿಯಲ್ಲೇ ಇರ್ತಾನೆ, ಅಂದ್ರೆ ಮೋಡ ಇಲ್ಲದಿದ್ರೆ ದಿನವಿಡೀ ಉದ್ದ ನೆರಳು. ಅದೇ ದಿನ ನಮ್ಮಲ್ಲಿ ಮಧ್ಯಾಹ್ನಕ್ಕೆ 51 ಡಿಗ್ರಿ. ಇನ್ನು ಮೇ ಮೊದಲ ವಾರ, ಆಗಸ್ಟ್ ಎರಡನೇ ವಾರದಲ್ಲಿ ಒಂದೊಂದು ದಿನ ಸೂರ್ಯ ಸರಿಯಾಗಿ ನೆತ್ತಿ ಮೇಲೇ ಬರ್ತಾನೆ, ನೆಟ್ಟಗೆ ನಿಂತ ಕಂಬಕ್ಕೆ ನೆರಳೇ ಬೀಳಲ್ಲ. ಹಾಗಾಗಿ ವಿದೇಶಿ ಟ್ಯುಟೋರಿಯಲ್ ನೋಡಿ ಇಲ್ಲಿ ಶೂಟಿಂಗ್ ಪ್ಲಾನ್ ಮಾಡಬೇಡಿ ಅಂತ ನಾನು ಕಡ್ಡಿ ಮುರಿದ ಹಾಗೆ ಹೇಳ್ತೀನಿ. ಸೂರ್ಯ ಹುಟ್ಟೋ ಹೊತ್ತಿಗೆ ಹೆಲಿಕಾಪ್ಟರ್ ಜಾಗದ ಮೇಲಿರಬೇಕು. ಹುಟ್ಟಿದ ಮೇಲೆ ಹೊರಟ್ರೆ ಅರ್ಧ ಬೆಳಕು ದಾರಿಯಲ್ಲೇ ಹೋಯ್ತು.

[ದೃಶ್ಯ: ನಾಟಿಗೆ ನೀರು ನಿಲ್ಲಿಸಿದ ಭತ್ತದ ಗದ್ದೆಗಳು]

ಸಮಯ ಕಡಿಮೆ ಇದೆ, ಉಳಿದದ್ದು ಬೇಗ ಹೇಳ್ತೀನಿ. ಸೂರ್ಯ ಬೆನ್ನಿಗಿದ್ರೆ ನೆರಳು ಬಂಡೆಯ ಹಿಂದೆ ಅಡಗುತ್ತೆ, ಜೊತೆಗೆ ಹೆಲಿಕಾಪ್ಟರ್‌ದೇ ನೆರಳು ಫ್ರೇಮಿಗೆ ಬರುತ್ತೆ. ಎದುರಿಗಿದ್ರೆ ಗದ್ದೆ ನೀರು ಒಂದಾದ ಮೇಲೊಂದು ಫಳ್ ಅನ್ನುತ್ತೆ, ಅದ್ಭುತ. ಆದ್ರೆ ರೆಕ್ಕೆಯ ನೆರಳು ಲೆನ್ಸ್ ಮೇಲೆ ಬಿದ್ದು ಚಿತ್ರ ಮಿಣುಕುತ್ತೆ. ಬಂಡೆಗಳಿಗೆ ಪಕ್ಕದ ಬಿಸಿಲೇ ಸರಿ. ವೃತ್ತಿಪರರು ಬಾಗಿಲು ತೆಗೆಸಿ, ಕ್ಯಾಮೆರಾ ಅಲುಗದ ಹಾಗೆ ಹಿಡಿಯೋ ಗಿಂಬಲ್ ಕಟ್ಟಿ, ವಿಮಾನಯಾನ ನಿಯಂತ್ರಣ ಸಂಸ್ಥೆ ಡಿಜಿಸಿಎಯ ಅನುಮತಿ ಪಡೆದೇ ಹಾರ್ತಾರೆ. ಮಳೆಗಾಲ ಮುಗಿದ ಮೇಲಿನ ಅಕ್ಟೋಬರ್, ನವೆಂಬರ್ ಒಳ್ಳೇದು. ಧೂಳು ಕಡಿಮೆ, ಮಳೆ ಚೆನ್ನಾಗಿದ್ರೆ ತುಂಗಭದ್ರೆಯಲ್ಲಿ ನೀರೂ ಇರುತ್ತೆ.

ಉತ್ಸವದ ಸವಾರಿಯಲ್ಲಿ ಇದ್ಯಾವುದೂ ನಮ್ಮ ಕೈಲಿರಲ್ಲ. ಸಂಜೆಯ ಕೊನೆ ಸರದಿ ಕೇಳಿ. ಕಪ್ಪು ಅಂಗಿ ಹಾಕ್ಕೊಳ್ಳಿ, ಗಾಜಿನಲ್ಲಿ ನಿಮ್ಮದೇ ಪ್ರತಿಬಿಂಬ ಕಮ್ಮಿಯಾಗುತ್ತೆ. ಹೆಲಿಕಾಪ್ಟರ್ ಸೂರ್ಯನ ಕಡೆಗೋ, ಸೂರ್ಯನಿಗೆ ಬೆನ್ನು ಹಾಕಿಯೋ ಹೊರಟಾಗ ಮಾತ್ರ ಪಕ್ಕದ ಕಿಟಕಿಯಿಂದ ರೆಕಾರ್ಡ್ ಒತ್ತಿ. ಬಿಸಿಲು ಆಗ ತಾನಾಗೇ ಓರೆ ಸಿಗುತ್ತೆ.